‘ಗೊತ್ತಿಲ್ಲ’ ಎನ್ನಲು ನಾನು ಕಲಿತ ಬಗೆ

2011ರ ಫೆಬ್ರುವರಿಯಲ್ಲಿ ಉಡುಪಿಯ ಹೊರವಲಯದ ಒಂದು ಗ್ರಾಮದಲ್ಲಿ ನಾನು ಜನಗಣತಿಯ ಗಣತಿದಾರಳಾಗಿದ್ದೆ. ಸರಕಾರಿ ಶಾಲೆಯ ವಿಜ್ಞಾನ ಶಿಕ್ಷಕಿಗೆ ಆ ಕೆಲಸ ತಪ್ಪಿದ್ದಲ್ಲ. ಮನೆಮನೆಯ ಜಗಲಿಯಲ್ಲಿ ಕುಳಿತು, ಅವರು ಕೊಟ್ಟ ಬೆಲ್ಲ ನೀರು ಕುಡಿದು, ಒಬ್ಬೊಬ್ಬರ ಹೆಸರು, ವಯಸ್ಸು, ಧರ್ಮ, ಮಾತೃಭಾಷೆ ಬರೆದುಕೊಳ್ಳುತ್ತಿದ್ದೆ. ಧರ್ಮದ ಬಗ್ಗೆ ತರಬೇತಿಯಲ್ಲಿ ಕೊಟ್ಟಿದ್ದ ಸೂಚನೆ ಸ್ಪಷ್ಟವಾಗಿತ್ತು: ಅವರು ಏನು ಹೇಳುತ್ತಾರೋ ಅದನ್ನೇ ಬರೆಯಿರಿ, ಹೆಸರು ನೋಡಿ ಊಹಿಸಬೇಡಿ.

ಅಷ್ಟು ಮಂದಿಗೆ ಆ ಪ್ರಶ್ನೆ ಕೇಳಿದ ನಾನು, ನಮ್ಮ ಮನೆಗೆ ಬಂದ ಸಹೋದ್ಯೋಗಿ ಅದನ್ನೇ ಕೇಳಿದಾಗ ತಡವರಿಸಿದೆ. ಅಮ್ಮ ಒಳಗಿನಿಂದಲೇ, “ಹಿಂದೂ ಎಂದು ಬರೆಯಿರಿ ಟೀಚರೇ, ಅದನ್ನೂ ಕೇಳಬೇಕೇ?” ಎಂದರು. ಅಮ್ಮನ ಸಾಲಿನಲ್ಲಿ ಹಾಗೆಯೇ ಬರೆದಾಯಿತು. ನನ್ನ ಸಾಲು ಬಂದಾಗ, “ನನ್ನದು ಬರೆಯುವುದು ಬೇಡ” ಎಂದೆ. ಅಡುಗೆಮನೆಯಲ್ಲಿ ಸದ್ದು ನಿಂತಿತು. ಆ ಗಣತಿಯಲ್ಲಿ ಧರ್ಮ ಹೇಳದೆ ಉಳಿದವರು ದೇಶದಲ್ಲಿ 28 ಲಕ್ಷಕ್ಕೂ ಹೆಚ್ಚು ಎಂದು ಆಮೇಲೆ ಓದಿದೆ. ಅವರಿಗೆಲ್ಲ ಅವರವರ ಕಾರಣಗಳಿರಬಹುದು. ನನ್ನ ಕಾರಣವನ್ನು ಅಮ್ಮನಿಗೆ ವಿವರಿಸಲು ನನಗೆ ವರ್ಷಗಳೇ ಹಿಡಿದವು.

ನಮ್ಮದು ತುಳು ಮಾತಾಡುವ ಮನೆ. ಕುಟುಂಬದ ದೈವ ಹಂದಿಯ ರೂಪದ ಪಂಜುರ್ಲಿ. ಚಿಕ್ಕವಳಿದ್ದಾಗ ವಾರ್ಷಿಕ ನೇಮದ, ಅಂದರೆ ದೈವ ಮೈದುಂಬಿ ಕುಣಿಯುವ ಸೇವೆಯ ರಾತ್ರಿ ಮಾವನ ಪಕ್ಕದಲ್ಲಿ ಚಾಪೆಯ ಮೇಲೆ ಕುಳಿತಿರುತ್ತಿದ್ದೆ. ಬೆಳಗಿನ ಜಾವ ಮೂರು ಗಂಟೆಯ ಹೊತ್ತಿಗೆ ದೈವದ ಕಾಲಿನ ಗಗ್ಗರದ ಸದ್ದು ಹತ್ತಿರ ಬಂದಂತೆಲ್ಲ ಮೈ ನವಿರೇಳುತ್ತಿತ್ತು. ಈಗಲೂ ಏಳುತ್ತದೆ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ನಂಬಿಕೆ ಇಲ್ಲದವರಿಗೆ ಒಳಗೆ ಏನೂ ಆಗುವುದಿಲ್ಲ ಎಂದು ಹಲವರು ಎಣಿಸುತ್ತಾರೆ. ನನಗೆ ಆಗುತ್ತದೆ. ಆದರೆ ಆ ನವಿರಿನಿಂದ ದೈವ ಇದೆ ಎಂದು ಸಿದ್ಧವಾಗುತ್ತದೆಯೇ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ಬಿ.ಎಸ್ಸಿ. ಓದುವ ದಿನಗಳಲ್ಲಿ ನಾನು ಉತ್ತರ ಇದೆ ಎಂದೇ ತಿಳಿದಿದ್ದೆ. ದೇವರಿಲ್ಲ, ದೈವವಿಲ್ಲ, ಎಲ್ಲವೂ ಭಯದ ಸೃಷ್ಟಿ ಎಂದು ಊಟದ ಹೊತ್ತಿನಲ್ಲಿ ವಾದಿಸಿ ಅಮ್ಮನನ್ನು ಅಳಿಸಿದ್ದೇನೆ. ನನ್ನನ್ನು ಬದಲಿಸಿದ್ದು ತರಗತಿ. ಸೂಕ್ಷ್ಮದರ್ಶಕದ ಕೆಳಗೆ ಈರುಳ್ಳಿ ಸಿಪ್ಪೆ ಇಟ್ಟು, ಕಂಡದ್ದನ್ನು ಚಿತ್ರಿಸಿ ಎಂದರೆ ಮಕ್ಕಳು ಪಠ್ಯಪುಸ್ತಕದ ಚಿತ್ರವನ್ನೇ ಬರೆಯುತ್ತಿದ್ದರು. ಬಣ್ಣ ಸರಿಯಾಗಿ ಹಿಡಿಯದೆ ಕೋಶಕೇಂದ್ರ ಕಾಣುತ್ತಲೇ ಇಲ್ಲದಿದ್ದರೂ ಪ್ರತಿ ಕೋಶದಲ್ಲೂ ಒಂದು ದುಂಡನೆಯ ಕೋಶಕೇಂದ್ರ! ಕಾಣದಿದ್ದರೆ ‘ಕಾಣಲಿಲ್ಲ’ ಎಂದು ಬರೆಯಿರಿ, ಅದಕ್ಕೂ ಅಂಕ ಕೊಡುತ್ತೇನೆ ಎಂದು ಹೇಳಿ ಹೇಳಿ ಸಾಕಾಗುತ್ತಿತ್ತು. ಒಂದು ದಿನ ಅದನ್ನೇ ಹೇಳುತ್ತಿರುವಾಗ, ನಾನೂ ಮನೆಯಲ್ಲಿ ಕಾಣದ್ದನ್ನೇ ಚಿತ್ರಿಸುತ್ತಿದ್ದೇನೆ ಎಂದು ಹೊಳೆಯಿತು. ಅಮ್ಮ ‘ಇದೆ’ ಎಂದು ಬರೆದರೆ ನಾನು ‘ಇಲ್ಲ’ ಎಂದು ಬರೆದಿದ್ದೆ. ನೋಡಿ ಬರೆದವರು ಇಬ್ಬರಲ್ಲಿ ಯಾರೂ ಅಲ್ಲ.

ಇದೆ ಎಂದೂ ಇಲ್ಲ ಎಂದೂ ಹೇಳದೆ ‘ಗೊತ್ತಿಲ್ಲ’ ಎನ್ನುವ ನಿಲುವಿಗೆ ಪುಸ್ತಕದಲ್ಲಿರುವ ಹೆಸರು ಅಜ್ಞೇಯತಾವಾದ. ಇಂಗ್ಲಿಷಿನ ಪದವನ್ನು 1869ರಲ್ಲಿ ಟಂಕಿಸಿದವರು ಥಾಮಸ್ ಹೆನ್ರಿ ಹಕ್ಸ್‌ಲಿ, ಅವರೂ ಜೀವಶಾಸ್ತ್ರದವರು. ಆದರೆ ಭಾವ ನಮ್ಮಲ್ಲಿ ಬಹಳ ಹಳೆಯದು. ಋಗ್ವೇದದ ನಾಸದೀಯ ಸೂಕ್ತ ಸೃಷ್ಟಿ ಎಲ್ಲಿಂದ ಬಂತು, ಯಾರು ಬಲ್ಲರು ಎಂದು ಕೇಳುತ್ತದೆ. ಪರಮ ವ್ಯೋಮದಲ್ಲಿ ಕುಳಿತು ನೋಡುವವನು ಬಲ್ಲನು, ಅಥವಾ ಅವನೂ ಅರಿಯನೋ ಏನೋ ಎಂಬಲ್ಲಿಗೆ ನಿಲ್ಲಿಸುತ್ತದೆ. ಇದನ್ನು ಮೊದಲು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಕ್ಕಳನ್ನು ಪ್ರವಾಸಕ್ಕೆಂದು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ, ಕಾರ್ಕಳದ ಗೊಮ್ಮಟನ ಬಳಿಗೆ ಕರೆದೊಯ್ಯುವಾಗ ಜೈನರ ಅನೇಕಾಂತವಾದವನ್ನು ತಪ್ಪದೆ ಹೇಳುತ್ತಿದ್ದೆ. ವಸ್ತುವಿಗೆ ಹಲವು ಮುಖ, ನಮಗೆ ಕಾಣುವುದು ಒಂದು ಬದಿ ಮಾತ್ರ. ಇಷ್ಟೆಲ್ಲ ಇದ್ದರೂ ನನಗೆ ಒಗ್ಗುವ ಮಾತು ತುಳುವಿನದೇ: ‘ಎಂಕ್ ಗೊತ್ತುಜ್ಜಿ’, ನನಗೆ ಗೊತ್ತಿಲ್ಲ.

ನುಡಿಯುವುದು ಸುಲಭ, ಅದರ ಪ್ರಕಾರ ಮನೆಯಲ್ಲಿ ಬದುಕುವುದಕ್ಕೆ ಅಭ್ಯಾಸ ಬೇಕು. ನಾನು ಕ್ರಮೇಣ ಕಂಡುಕೊಂಡದ್ದು ಹೀಗಿದೆ. ನೇಮಕ್ಕೆ, ದೈವ-ನಾಗರಿಗೆ ಸಲ್ಲಿಸುವ ತಂಬಿಲಕ್ಕೆ ಹೋಗುತ್ತೇನೆ, ಕೈಲಾದ ಕೆಲಸ ಮಾಡುತ್ತೇನೆ, ಬಡಿಸುತ್ತೇನೆ. ಹರಕೆ ಹೇಳಿಕೊಳ್ಳುವುದಿಲ್ಲ, ಏಕೆಂದರೆ ಅದು ನಂಬದೆ ಮಾಡುವ ವ್ಯವಹಾರವಾಗುತ್ತದೆ. ಮಾವ ಗಂಧ ಕೊಟ್ಟರೆ ತೆಗೆದುಕೊಳ್ಳುತ್ತೇನೆ, ಅದು ಮಾವನ ಕೈಯಿಂದ ಬಂದದ್ದು. ಯಾರಾದರೂ ನೇರವಾಗಿ ಕೇಳಿದರೆ ಮಾತ್ರ ಹೇಳುತ್ತೇನೆ, ಕೇಳಿದರೆ ಮರೆಮಾಚುವುದಿಲ್ಲ. ವಿಚಾರವಾದಿ ಗೆಳೆಯರೊಬ್ಬರು ಇದನ್ನು ಹೇಡಿತನ ಎಂದರು. ಅಕ್ಕ ಅಹಂಕಾರ ಎಂದಳು. ಎರಡೂ ಮಾತು ನೋಯಿಸಿವೆ. ಅಕ್ಕನದು ಹೆಚ್ಚು.

ಈ ನಿಲುವು ಕೆಲಸಕ್ಕೆ ಬಂದದ್ದು ನಾಗಬನದ, ಅಂದರೆ ನಾಗನಿಗೆಂದು ಬಿಟ್ಟ ಮರಗಳ ತೋಪಿನ ವಿಷಯದಲ್ಲಿ. ನಮ್ಮ ಬನದಲ್ಲಿ ರೆಂಜೆ, ಸುರಗಿ, ನೇರಳೆ ಮರಗಳು, ಅವುಗಳಿಗೆ ಸುತ್ತಿಕೊಂಡ ಬಳ್ಳಿಗಳು, ನಡುಹಗಲಲ್ಲೂ ತಂಪು. ಕರಾವಳಿಯ ಎಷ್ಟೋ ಕಡೆ ಇಂಥ ಬನಗಳನ್ನು ಬೋಳಿಸಿ ಕಾಂಕ್ರೀಟು ಕಟ್ಟೆ ಕಟ್ಟಿ ಟೈಲ್ಸ್ ಹಾಸಿದ್ದಾರೆ. ನಮ್ಮ ಕುಟುಂಬದಲ್ಲೂ ಆ ಮಾತು ಬಂತು, ಅಂದಾಜು ಪಟ್ಟಿಯೂ ತಯಾರಾಯಿತು. ನಂಬದವಳಿಗೆ ಇದರಲ್ಲಿ ಏನು ಕೆಲಸ ಎಂದು ಒಬ್ಬರು ಕೇಳಿಯೇ ಬಿಟ್ಟರು. ನಾನು ಹೇಳಿದೆ: “ನಾಗ ದೇವರೋ ಅಲ್ಲವೋ ನನಗೆ ಗೊತ್ತಿಲ್ಲ. ಇಲ್ಲಿ ಮರ ಇರುವುದು ಗೊತ್ತು. ಬುಡದಲ್ಲಿ ಹಾವು ಇರುವುದು ಗೊತ್ತು. ಬನದ ಕೆಳಗಿನ ಬಾವಿಯಲ್ಲಿ ಮೇ ತಿಂಗಳಲ್ಲೂ ನೀರು ಇರುವುದು ಗೊತ್ತು. ಗೊತ್ತಿರುವುದನ್ನು ಕಡಿಯಬೇಡಿ.” ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಎಂಬತ್ತು ದಾಟಿದ ಮಾವ, “ಹಿರಿಯರು ಬನ ಎಂದರು, ಕಟ್ಟೆ ಎನ್ನಲಿಲ್ಲ” ಎಂದರು. ಬನ ಉಳಿಯಿತು. ನಾಗರಪಂಚಮಿಯಂದು ಹಾಲು, ಎಳನೀರಿನ ತನು ಎರೆಯಲು ಬರುವವರು ಇಂದಿಗೂ ಬಳ್ಳಿ ಸರಿಸಿಕೊಂಡೇ ಒಳಗೆ ಹೋಗುತ್ತಾರೆ.

ರಾಜಕೀಯದಲ್ಲಿ ಸ್ವತಂತ್ರಳಾಗಿರುವುದು ಮೊದಲು ನನ್ನ ಆಯ್ಕೆಯಾಗಿರಲಿಲ್ಲ. ಸರಕಾರಿ ನೌಕರರು ಪಕ್ಷ ಸೇರುವಂತಿಲ್ಲ. ಚುನಾವಣಾ ಕರ್ತವ್ಯಕ್ಕೆ ಹೋದಾಗ ಪಕ್ಷ ಎಂಬುದೇ ಮರೆತುಹೋಗುವಷ್ಟು ಕೆಲಸವಿರುತ್ತಿತ್ತು. ಬೆಳಗ್ಗೆ ಏಜೆಂಟರ ಎದುರು ಕನಿಷ್ಠ 50 ಅಣಕು ಮತ ಹಾಕಿಸಿ, ಎಣಿಸಿ ತೋರಿಸಿ, ಎಲ್ಲ ಅಳಿಸಿದ ಮೇಲೆಯೇ ನಿಜವಾದ ಮತದಾನ. ಹಿಂದಿನ ರಾತ್ರಿ ಬೆಂಚಿನ ಮೇಲೆ ಮಲಗಿ ಎದ್ದು, ತೊಂಬತ್ತು ವರ್ಷದ ಅಜ್ಜಿ ಮೊಮ್ಮಗನ ತೋಳು ಹಿಡಿದು ಬಂದು ಗುಂಡಿ ಒತ್ತುವುದನ್ನು ನೋಡಿದವರಿಗೆ ಮತ ಅಗ್ಗದ ವಸ್ತುವಾಗಿ ಎಂದೂ ಕಾಣುವುದಿಲ್ಲ.

ಆಯ್ಕೆ ಎದುರಾದದ್ದು ನಿವೃತ್ತಿಯ ನಂತರ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯತ್ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಕಾನೂನು ಹಾಗಿದ್ದರೂ ಪ್ರತಿಯೊಬ್ಬರ ಹೆಸರಿನ ಹಿಂದೆ ‘ಬೆಂಬಲಿತ ಅಭ್ಯರ್ಥಿ’ ಎಂಬ ಬಾಲ ಅಂಟಿಕೊಂಡಿರುತ್ತದೆ. ಒಂದೇ ವಾರದಲ್ಲಿ ಎರಡು ಕಡೆಯವರು ಬಂದು ತಮ್ಮ ಬೆಂಬಲಿತಳಾಗಿ ನಿಲ್ಲಿ ಟೀಚರೇ ಎಂದರು. ಇಬ್ಬರಲ್ಲೂ ನನ್ನ ಹಳೆಯ ವಿದ್ಯಾರ್ಥಿಗಳಿದ್ದರು. ಇಬ್ಬರಿಗೂ ಚಹಾ ಕೊಟ್ಟು, ಒಂದೇ ಪ್ರಶ್ನೆ ಕೇಳಿದೆ: ನಮ್ಮ ಕಿಂಡಿ ಅಣೆಕಟ್ಟಿಗೆ ಈ ವರ್ಷ ಹಲಗೆ ಯಾವಾಗ ಹಾಕುತ್ತೀರಿ?

ಹೊರಗಿನವರಿಗೆ ಇದು ಸಣ್ಣ ವಿಷಯ. ಮಳೆ ನಿಂತು ಹೊಳೆಯ ಹರಿವು ಇಳಿದ ಮೇಲೆ ಅಣೆಕಟ್ಟಿನ ಕಿಂಡಿಗಳಿಗೆ ಸಮಯಕ್ಕೆ ಸರಿಯಾಗಿ ಹಲಗೆ ಹಾಕದಿದ್ದರೆ ಉಬ್ಬರದ ಉಪ್ಪುನೀರು ಮೇಲಕ್ಕೆ ನುಗ್ಗುತ್ತದೆ. ಗದ್ದೆ ಹಾಳು, ದಡದ ಬಾವಿಗಳು ಉಪ್ಪು. ಫೆಬ್ರುವರಿಯಿಂದಲೇ ಟ್ಯಾಂಕರ್ ಕಾಯಬೇಕು. ಹಾಗೆಯೇ ಮಳೆಗಾಲಕ್ಕೆ ಮೊದಲು ತೆಗೆಯದಿದ್ದರೆ ಪಕ್ಕದ ತೋಟಕ್ಕೆ ನೆರೆ. ಇದರಲ್ಲಿ ಧರ್ಮವೂ ಇಲ್ಲ, ಸಿದ್ಧಾಂತವೂ ಇಲ್ಲ, ಹಲಗೆ ಮತ್ತು ತಾರೀಕು ಮಾತ್ರ ಇದೆ. ಬಂದವರು ಆ ಪ್ರಶ್ನೆಗೆ ಬದಲಾಗಿ ಇನ್ನೊಂದು ಕಡೆಯವರು ಎಂಥವರು ಎಂಬುದನ್ನು ಹೇಳಿದರು. ನಾನು ಯಾರ ಪರವಾಗಿಯೂ ನಿಲ್ಲಲಿಲ್ಲ.

ಅಂದಿನಿಂದ ಒಂದು ನೂರು ಪುಟದ ನೋಟುಪುಸ್ತಕ ಇಟ್ಟಿದ್ದೇನೆ. ಎಡ ಪುಟದಲ್ಲಿ ಯಾರು ಏನು ಹೇಳಿದರು, ಬಲ ಪುಟದಲ್ಲಿ ಏನಾಯಿತು. ವಿಧಾನಸಭೆ, ಲೋಕಸಭೆಯ ಚುನಾವಣೆಗೆ ಮೊದಲು ಎಲ್ಲ ಅಭ್ಯರ್ಥಿಗಳ ಪ್ರಮಾಣಪತ್ರ ಓದುತ್ತೇನೆ. ಆಸ್ತಿ, ಸಾಲ, ಕ್ರಿಮಿನಲ್ ಮೊಕದ್ದಮೆ, ವಿದ್ಯಾಭ್ಯಾಸ ಎಲ್ಲವೂ ಅದರಲ್ಲಿರುತ್ತದೆ, ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಪಕ್ಷೇತರರದ್ದನ್ನೂ ಬಿಡುವುದಿಲ್ಲ, ಪಕ್ಷವಿಲ್ಲ ಎಂಬುದೇ ಅರ್ಹತೆಯಲ್ಲ. ಹೀಗೆ ಓದಿ ಓದಿ, ಬೇರೆ ಬೇರೆ ಚುನಾವಣೆಗಳಲ್ಲಿ ಬೇರೆ ಬೇರೆ ಕಡೆಗೆ ಮತ ಹಾಕಿದ್ದೇನೆ. ಒಮ್ಮೆ ನೋಟಾ, ಅಂದರೆ ‘ಮೇಲಿನ ಯಾರೂ ಅಲ್ಲ’ ಎಂಬ ಗುಂಡಿ ಒತ್ತಿದೆ. ಸುಪ್ರೀಂ ಕೋರ್ಟಿನ 2013ರ ತೀರ್ಪಿನಿಂದ ಬಂದ ಆ ಗುಂಡಿಗೆ ಬೆಲೆ ಇದೆ; 2024ರ ಲೋಕಸಭಾ ಚುನಾವಣೆಯಲ್ಲಿ ನೆರೆಯ ದಕ್ಷಿಣ ಕನ್ನಡದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಅದನ್ನು ಒತ್ತಿ ತಮ್ಮ ಮಾತು ಹೇಳಿದರು. ಆದರೆ ನೋಟಾ ಎಷ್ಟೇ ಬಂದರೂ ಉಳಿದವರಲ್ಲಿ ಮುಂದಿರುವವರೇ ಗೆಲ್ಲುತ್ತಾರೆ. ಹೊರಗೆ ಬಂದಾಗ ಉತ್ತರಪತ್ರಿಕೆಯನ್ನು ಖಾಲಿ ಕೊಟ್ಟು ಬಂದಂತೆ ಅನ್ನಿಸಿತು. ಮತ್ತೆ ಒತ್ತಿಲ್ಲ.

ಯಾರಿಗೆ ಹಾಕಿದೆ ಎಂದು ಮನೆಯಲ್ಲೂ ಹೇಳುವುದಿಲ್ಲ. ಇದು ಹಟವಲ್ಲ. ಫಲಿತಾಂಶ ಮತಗಟ್ಟೆವಾರು ಹೊರಬರುತ್ತದೆ, ಒಂದು ಮತಗಟ್ಟೆಯಲ್ಲಿ ಇರುವುದು ಸಾವಿರದ ಆಸುಪಾಸಿನ ಮತ. ಯಾವ ಮನೆ ಯಾವ ಕಡೆ ಎಂದು ಕಾರ್ಯಕರ್ತರು ಪಟ್ಟಿಯ ಮೇಲೆ ಗೆರೆ ಎಳೆದು ಲೆಕ್ಕ ಹಾಕುತ್ತಾರೆ. ನಾನು ಹೇಳದಿದ್ದರೆ ಪಕ್ಕದ ಮನೆಯ ಬಡವಳಿಗೂ ಹೇಳದಿರುವ ಧೈರ್ಯ ಬರುತ್ತದೆ. ಇದಕ್ಕೆ ತೆತ್ತ ಬೆಲೆಯೂ ಇದೆ. ಇವರಿಗೆ ನಾನು ಅವರ ಕಡೆಯವಳು, ಅವರಿಗೆ ಇವರ ಕಡೆಯವಳು. ಒಂದು ಸಮಿತಿಯಿಂದ ನನ್ನ ಹೆಸರು ಸದ್ದಿಲ್ಲದೆ ಬಿಟ್ಟುಹೋಯಿತು. ಬೇಸರವಾದಾಗ ನಮ್ಮ ಕರಾವಳಿಯ ಶಿವರಾಮ ಕಾರಂತರನ್ನು ನೆನೆಯುತ್ತೇನೆ. ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ ಲೋಕಸಭೆಗೆ ನಿಂತರು, ಸೋತರು. ದೇವರ ವಿಷಯದಲ್ಲೂ ತಾನು ಕಾಣದ್ದನ್ನು ಕಂಡೆ ಎನ್ನಲು ಅವರು ಒಪ್ಪಿದವರಲ್ಲ.

ಅಮ್ಮ ತೀರಿಕೊಂಡದ್ದು ಎರಡು ವರ್ಷಗಳ ಹಿಂದೆ, ಮಳೆಗಾಲದಲ್ಲಿ. ಕೊನೆಯ ವಾರದ ಒಂದು ರಾತ್ರಿ ಎಚ್ಚರಗೊಂಡು, “ಹೋದ ಮೇಲೆ ನಿನ್ನ ಅಪ್ಪ ಸಿಗುತ್ತಾರಾ?” ಎಂದು ಕೇಳಿದರು. ಇಡೀ ಜೀವನದ ಅಭ್ಯಾಸ ಆ ಒಂದು ಕ್ಷಣದಲ್ಲಿ ಪರೀಕ್ಷೆಗೆ ನಿಂತಿತು. ಸಿಗುತ್ತಾರೆ ಎಂದರೆ ಅವರಿಗೆ ಸಮಾಧಾನ, ಆದರೆ ಮಗಳು ಸುಳ್ಳು ಹೇಳಿದಳೆಂದು ಅಮ್ಮನಿಗೆ ತಿಳಿಯದೆ ಇರುತ್ತದೆಯೇ? ಕೈ ಹಿಡಿದುಕೊಂಡು, “ಗೊತ್ತಿಲ್ಲ ಅಮ್ಮ. ಸಿಗಲಿ ಎಂದು ನನಗೂ ಆಸೆ ಇದೆ” ಎಂದೆ. ಅಮ್ಮ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, “ಅಷ್ಟು ಸಾಕು” ಎಂದರು.

ಉತ್ತರಕ್ರಿಯೆಯನ್ನು ಅಣ್ಣ ಶಾಸ್ತ್ರೋಕ್ತವಾಗಿ ಮಾಡಿದ. ಅದು ಅಮ್ಮನ ಇಚ್ಛೆ, ನಾನು ತರಕಾರಿ ಹೆಚ್ಚಿದೆ, ಬಡಿಸಿದೆ. ನನ್ನ ದೇಹವನ್ನು ವೈದ್ಯಕೀಯ ಕಾಲೇಜಿಗೆ ಕೊಡುವ ಪತ್ರಕ್ಕೆ ಆ ವರ್ಷವೇ ಸಹಿ ಹಾಕಿದ್ದೇನೆ. ಸಹಿಗಿಂತ ಕಷ್ಟವಾದದ್ದು ಅಣ್ಣನನ್ನು ಒಪ್ಪಿಸುವುದು. ಕೊನೆಯಲ್ಲಿ ಮನೆಯವರು ಒಪ್ಪದಿದ್ದರೆ ಪತ್ರ ಬರಿಯ ಕಾಗದ. ಅವನಿನ್ನೂ ಪೂರ್ತಿ ಒಪ್ಪಿಲ್ಲ. ಬನದ ಬದಿಯ ದಾರಿಯಲ್ಲಿ ಸಂಜೆ ನಡೆಯುವಾಗ ಆ ಮಾತು ಮತ್ತೆ ಮತ್ತೆ ಬರುತ್ತದೆ, ಅರ್ಧದಲ್ಲಿ ನಿಲ್ಲುತ್ತದೆ. ಮುಂದಿನ ಗ್ರಾಮಸಭೆಗೆ ತಾನೂ ಬರುತ್ತೇನೆ, ಹಲಗೆಯ ವಿಷಯ ಕೇಳಬೇಕು ಎಂದು ಮೊನ್ನೆ ಅವನೇ ಹೇಳಿದ.