ನೀರಿಗೊಂದು ಹೊಡೆತ, ಕೆಸರಿಗೊಂದು ಹೊಡೆತ

ಮಳೆಗಾಲದಲ್ಲೂ ಗಾಲ್ಫ್ ಆಡ್ತೀನಿ ಅಂದರೆ ನಮ್ಮ ಕೊಪ್ಪದ ಕಡೆ ಜನ ನಗುತ್ತಾರೆ. ನಗಲಿ. ಮಳೆ ನಿಲ್ಲಲಿ ಅಂತ ಕಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯಲ್ಲೇ ಕೂರಬೇಕಾಗುತ್ತದೆ. ಬಿಡುವಾದಾಗ ಚಿಕ್ಕಮಗಳೂರಿಗೆ ಹೋಗಿ ಆಡುತ್ತೇನೆ. ಅಭ್ಯಾಸ ಮಾತ್ರ ನಮ್ಮದೇ ಗದ್ದೆಯಲ್ಲಿ, ಪಕ್ಕದ ಕೆರೆ ಅಂಚಿನಲ್ಲಿ.

ನೀರು, ಕೆಸರು ಎರಡಕ್ಕೂ ಒಂದೇ ಹೊಡೆತ ಸಾಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸಾಲದು. ನೀರಲ್ಲಿ ಬಾಲಿನ ಹಿಂದೆ ಹೊಡೆಯಬೇಕು. ಕೆಸರಲ್ಲಿ ಮೊದಲು ಬಾಲಿಗೇ ತಾಗಬೇಕು.

ಮೊದಲು ನೀರು. ಬಾಲಿನ ಅರ್ಧಕ್ಕಿಂತ ಜಾಸ್ತಿ ಮೇಲೆ ಕಂಡರೆ ಮಾತ್ರ ನಾನು ಹೊಡೆಯುವ ಯೋಚನೆ ಮಾಡುತ್ತೇನೆ. ಪೂರ್ತಿ ಮುಳುಗಿದ್ದರೆ ಸುಮ್ನೆ ಒಂದು ಹೊಡೆತದ ದಂಡ (ಪೆನಾಲ್ಟಿ) ತಗೊಂಡು ಡ್ರಾಪ್ ಮಾಡುತ್ತೇನೆ, ಅಂದರೆ ಬಾಲನ್ನು ಹೊರಗೆ ಕೈಯಿಂದ ಬೀಳಿಸಿ ಆಡುತ್ತೇನೆ. ಕಣ್ಣಿಗೆ ಕಾಣುವುದಕ್ಕಿಂತ ಬಾಲ್ ಆಳದಲ್ಲಿರುತ್ತದೆ, ಕ್ಲಬ್ಬಿನ (ಹೊಡೆಯುವ ಕೋಲಿನ) ವೇಗವನ್ನು ನೀರು ನುಂಗಿಬಿಡುತ್ತದೆ. 2011ರ ಟೂರ್ ಚಾಂಪಿಯನ್‌ಶಿಪ್ ಪ್ಲೇಆಫ್‌ನಲ್ಲಿ ಅಮೆರಿಕದ ಆಟಗಾರ ಬಿಲ್ ಹಾಸ್ ಈಸ್ಟ್ ಲೇಕ್ ಗಾಲ್ಫ್ ಮೈದಾನದ ನೀರಿನಿಂದ ಬಾಲ್ ಎತ್ತಿ ಹೋಲ್ ಹತ್ತಿರವೇ ನಿಲ್ಲಿಸಿ, ಕೊನೆಗೆ ಗೆದ್ದ. ಆ ವಿಡಿಯೋ ನೋಡಿದವರೆಲ್ಲ ಕೆರೆಗೆ ಇಳಿಯುತ್ತಾರೆ. ಆದರೆ ಆ ಬಾಲ್ ಅರ್ಧ ಮಾತ್ರ ಮುಳುಗಿತ್ತು ಅನ್ನುವುದನ್ನು ಮರೆಯುತ್ತಾರೆ.

ಕ್ಲಬ್ ಯಾವುದು? ಮರಳಿನ ಗುಂಡಿ (ಬಂಕರ್) ನೆನಪಾಗಿ ಕೈ ತಾನಾಗೇ ಮರಳಿಗೆಂದೇ ಇರುವ ಸ್ಯಾಂಡ್ ವೆಜ್ ಕಡೆ ಹೋಗುತ್ತದೆ. ನಾನು ತಳ ಅಷ್ಟು ದಪ್ಪವಿಲ್ಲದ ಪಿಚಿಂಗ್ ವೆಜ್ ತೆಗೆಯುತ್ತೇನೆ. ಸ್ಯಾಂಡ್ ವೆಜ್ಜಿನ ತಳ ದಪ್ಪ, ಅದನ್ನೇ ಬೌನ್ಸ್ ಅನ್ನುವುದು. ಕೆರೆ ಮೇಲೆ ಚಪ್ಪಟೆ ಕಲ್ಲು ಬೀಸಿದರೆ ಕುಪ್ಪಳಿಸಿಕೊಂಡು ಹೋಗುತ್ತಲ್ಲ, ದಪ್ಪ ತಳದ ಕ್ಲಬ್ಬೂ ನೀರಿನ ಮೇಲೆ ಹಾಗೇ ಜಿಗಿದು ಬಾಲಿನ ನಡುವಿಗೆ ಬಡಿಯುತ್ತದೆ. ನೀರನ್ನು ಸೀಳುವ ಅಂಚು ಬೇಕು. ಅದಕ್ಕೆ ಕ್ಲಬ್ಬಿನ ಮುಖವನ್ನು (ಫೇಸ್) ಸ್ವಲ್ಪ ಒಳಕ್ಕೆ ತಿರುಗಿಸಿ ಹಿಡಿಯುತ್ತೇನೆ. ಮಣಿಕಟ್ಟು ಬೇಗ ಮಡಿಸಿ ಕ್ಲಬ್ಬನ್ನು ನೆಟ್ಟಗೆ ಮೇಲೆತ್ತಿ, ಬಾಲಿಗಿಂತ ಅರ್ಧದಿಂದ ಒಂದು ಅಂಗುಲ ಹಿಂದೆ ಜೋರಾಗಿ ಇಳಿಸುತ್ತೇನೆ. ಹತ್ತು ಹೆಜ್ಜೆ ಆಚೆ ಬೀಳಬೇಕಾದರೂ ಪೂರ್ತಿ ಸ್ವಿಂಗ್ ಬೇಕು. ನೀರು ಮುಖಕ್ಕೆ ಎರಚುತ್ತದೆ ಅಂತ ನಡುವೆ ಕೈ ಸಡಿಲ ಬಿಟ್ಟರೆ ಬಾಲ್ ಅಲ್ಲೇ ಉಳಿಯುತ್ತದೆ. ಹೊರಗೆ ಬಿದ್ದ ಬಾಲಿಗೆ ಸ್ಪಿನ್ ಕಮ್ಮಿ, ಉರುಳುತ್ತದೆ. ಆ ಲೆಕ್ಕ ಇಟ್ಟುಕೊಳ್ಳಿ.

ಕಾಲಿಡುವ ಮುಂಚೆ ಕ್ಲಬ್ಬಿನಿಂದ ತಳ ತಡವಿ ನೋಡುತ್ತೇನೆ. ನಮ್ಮ ಕಡೆ ಕೆರೆ ಅಂಚಿನಲ್ಲಿ ಜಂಬಿಟ್ಟಿಗೆ ಕಲ್ಲು ಮಣ್ಣಲ್ಲಿ ಹೂತಿರುತ್ತದೆ. ಕ್ಲಬ್ ಅದಕ್ಕೆ ಬಡಿದರೆ ಮಣಿಕಟ್ಟು ಹೋಯಿತು. 2019ಕ್ಕೆ ಮುಂಚೆ ಗಾಲ್ಫ್ ನಿಯಮದಲ್ಲಿ ಹೀಗೆ ಕ್ಲಬ್ ಊರುವ ಹಾಗಿರಲಿಲ್ಲ. ಈಗ ಪೆನಾಲ್ಟಿ ಏರಿಯಾದೊಳಗೆ (ಕೆರೆ, ಹಳ್ಳದಂಥ ಜಾಗ) ನೆಲ, ನೀರು ಮುಟ್ಟಬಹುದು, ಬಿದ್ದ ಎಲೆ ಕಡ್ಡಿ ತೆಗೆಯಬಹುದು. ಬಾಲಿನ ಹಿಂದಿನ ಹುಲ್ಲು ಒತ್ತಿ ದಾರಿ ಮಾಡಿಕೊಳ್ಳುವುದಕ್ಕೆ ಮಾತ್ರ ಆಗಲೂ ಬಿಡುತ್ತಿರಲಿಲ್ಲ, ಈಗಲೂ ಬಿಡಲ್ಲ.

ಇನ್ನು ಕೆಸರು. ಇಲ್ಲಿ ಹೊಡೆಯುವುದಕ್ಕಿಂತ ಮುಂಚೆ ನೋಡಬೇಕಾದ್ದಿದೆ. ಪೆನಾಲ್ಟಿ ಏರಿಯಾದ ಹೊರಗೆ, ಕತ್ತರಿಸಿದ ಹುಲ್ಲಿನ ಫೇರ್‌ವೇ ಅಥವಾ ಪಕ್ಕದ ಉದ್ದ ಹುಲ್ಲಿನ ರಫ್‌ನಲ್ಲಿ, ಬಾಲ್ ತಾನೇ ಬಿದ್ದ ಗುಂಡಿಯಲ್ಲಿ ನೆಲಮಟ್ಟಕ್ಕಿಂತ ಕೆಳಗೆ ಹೂತುಕೊಂಡಿದ್ದರೆ ಬಿಟ್ಟಿ ಡ್ರಾಪ್ ಸಿಗುತ್ತದೆ. ನಿಂತಾಗ ಶೂ ಸುತ್ತ ನೀರು ಕಂಡರೂ ಸಿಗುತ್ತದೆ, ಆದರೆ ಬೇಕಂತಲೇ ಕಾಲು ಒತ್ತಿ ನೀರು ಬರಿಸಬಾರದು. ಬರೀ ಮೆತ್ತಗಿದೆ ಅನ್ನುವುದು ಕಾರಣವಾಗಲ್ಲ. ಈ ಹಕ್ಕು ಬಿಟ್ಟು ಹೂತ ಬಾಲಿಗೆ ಬಡಿಯುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ.

ಡ್ರಾಪ್ ಸಿಗದೆ ಬಾಲ್ ಕೆಸರಿನ ಮೇಲೆ ಕೂತಿದ್ದರೆ ಹೊಡೆಯಲೇಬೇಕು. ಒಂದು ವಿಷಯ ನನಗೆ ಗದ್ದೆಯಲ್ಲೇ ಗೊತ್ತಾಗಿದ್ದು. ನಿಂತಷ್ಟು ಹೊತ್ತೂ ಕಾಲು ಇಳಿಯುತ್ತಾ ಹೋಗುತ್ತದೆ. ಕಾಲು ಅರ್ಧ ಅಂಗುಲ ಇಳಿದರೆ ಕ್ಲಬ್ಬೂ ಅಷ್ಟೇ ಕೆಳಗೆ ಹೋಗಿ ಬಾಲಿನ ಹಿಂದಿನ ಮಣ್ಣಿಗೆ ಕಚ್ಚಿಕೊಳ್ಳುತ್ತದೆ. ಅದಕ್ಕೇ ಗ್ರಿಪ್ಪನ್ನು (ಕ್ಲಬ್ಬಿನ ಹಿಡಿ) ಸ್ವಲ್ಪ ಕೆಳಗೆ ಹಿಡಿಯುತ್ತೇನೆ, ಬಾಲನ್ನು ನಿಲುವಿನ ನಡುವಿಗಿಂತ ಚೂರು ಹಿಂದಕ್ಕೆ ಇಟ್ಟುಕೊಳ್ಳುತ್ತೇನೆ. ಸೊಂಟದಿಂದ ಕೆಳಗೆ ಆದಷ್ಟು ಅಲುಗಾಡಲ್ಲ. ಮುಕ್ಕಾಲು ಸ್ವಿಂಗ್, ದೂರ ಕಮ್ಮಿಯಾಗದಿರಲು ಒಂದು ಮೆಟ್ಟಿಲು ಉದ್ದದ ಕ್ಲಬ್. ಉದ್ದ ಹೋಗಬೇಕಾದರೆ ತೆಳು ತಲೆಯ ಉದ್ದ ಐರನ್‌ಗಿಂತ ದಪ್ಪ ತಲೆಯ ಹೈಬ್ರಿಡ್ ಕ್ಲಬ್ ವಾಸಿ. ಅದರ ಅಗಲ ತಳ ಕೆಸರಲ್ಲಿ ಜಾರುತ್ತದೆ, ಅಗೆಯಲ್ಲ.

ಇದನ್ನು ಕಲಿಯುವಾಗ ಗದ್ದೆಯಿಂದ ಮಣ್ಣಿನ ಹೆಂಟೆ ಹಾರುವುದನ್ನು ನೋಡಿ ನಮ್ಮ ತೋಟಕ್ಕೆ ಬರುವ ಆಳು ಕೇಳಿದ್ದ, “ಅಣ್ಣ, ಅಗೆಯೋದೇ ಆದ್ರೆ ಪಿಕಾಸಿ ತಂದ್ಕೊಡ್ಲಾ?”

ಬಾಲಿಗೆ ಕೆಂಪು ಮಣ್ಣು ಮೆತ್ತಿಕೊಂಡಿದ್ದರೆ ಒರೆಸುವ ಹಾಗಿಲ್ಲ, ಗ್ರೀನ್ (ಹೋಲ್ ಸುತ್ತಲಿನ ನುಣುಪು ಹುಲ್ಲು) ತಲುಪುವ ತನಕ ತಡೆಯಬೇಕು. ಮೈದಾನ ನಡೆಸುವ ಕ್ಲಬ್ಬಿನವರು ಮಳೆಗಾಲಕ್ಕೆ ಎತ್ತಿ ಒರೆಸಿ ಇಡುವ ಲೋಕಲ್ ರೂಲ್ ಹಾಕಿದ್ದರೆ ಬೇರೆ ಮಾತು. ಸಾಮಾನ್ಯವಾಗಿ ಮಣ್ಣು ಬಲಗಡೆ ಇದ್ದರೆ ಬಾಲ್ ಎಡಕ್ಕೆ ತಿರುಗುತ್ತದೆ, ಎಡಗಡೆ ಇದ್ದರೆ ಬಲಕ್ಕೆ. ಎಷ್ಟು ತಿರುಗುತ್ತದೆ ಅಂತ ಹೇಳಲಾಗಲ್ಲ. ಹಾಗಾಗಿ ಹೋಲಿನ ಬಾವುಟದ ಕಡ್ಡಿ ಎಲ್ಲೇ ಇರಲಿ, ನಾನು ಗ್ರೀನ್ ನಡುವಿಗೇ ಗುರಿ ಇಡುತ್ತೇನೆ.

ಮಳೆಗಾಲದಲ್ಲಿ ಬ್ಯಾಗಿನಲ್ಲಿ ಎರಡು ಟವೆಲ್ ಇರಲಿ, ಒಂದು ಗ್ರಿಪ್ಪಿಗೆ, ಅದನ್ನು ಕೊಡೆ ಒಳಗೆ ಕಟ್ಟಿಕೊಳ್ಳಿ. ಇಂಬಳಕ್ಕೆ ಸಾಕ್ಸಿನ ಮೇಲೆ ಹೊಗೆಸೊಪ್ಪಿನ ನೀರು ಸವರಿದರೆ ಸಾಕು. ಒದ್ದೆ ಶೂ ಒಳಗೆ ಹಳೇ ಪೇಪರ್ ತುರುಕಿ ಗಾಳಿಗಿಡಿ. ಬಚ್ಚಲ ಒಲೆ ಪಕ್ಕ ಮಾತ್ರ ಬೇಡ, ಸೋಲ್ ಬಿಟ್ಟುಕೊಳ್ಳುತ್ತದೆ.