ಹೌಸ್ ಸರ್ಜನ್ಸಿಯಲ್ಲೇ ಒಂದು ಸಣ್ಣ ಸಂಶೋಧನೆ: ಕಾಸರಗೋಡಿನ ಗಡಿಯಲ್ಲಿ ನನ್ನ ಅನುಭವ

ಎಂಬಿಬಿಎಸ್ ಓದುವಾಗ ಸಂಶೋಧನೆ ಕಲಿಯಲು ಒಂದು ದಾರಿ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1979ರಿಂದ ನಡೆಸುತ್ತಿರುವ ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್ ಅದು. ಎರಡು ತಿಂಗಳ ಸಣ್ಣ ಅಧ್ಯಯನ, ಜೊತೆಗೊಬ್ಬ ಗೈಡ್, ಕೊನೆಗೆ ಒಂದು ವರದಿ. ಎಂಡಿ, ಎಂಎಸ್ ಸೇರಿದ ಮೇಲೆ ಥೀಸಿಸ್ ಹೇಗೂ ಬರೆಯಲೇಬೇಕು. ಇವೆರಡರ ನಡುವೆ ಹೌಸ್ ಸರ್ಜನ್ಸಿಯ, ಅಂದರೆ ಕಡ್ಡಾಯ ಇಂಟರ್ನ್‌ಶಿಪ್ಪಿನ ಒಂದು ವರ್ಷ ಬರುತ್ತದೆ. ಅಲ್ಲಿ ಸಂಶೋಧನೆಗೆ ಅಂತ ಯಾರೂ ಜಾಗ ಇಟ್ಟಿಲ್ಲ. ಡಾಕ್ಟರ್ ಆಗಿ ಮೊದಲ ಸಲ ರೋಗಿಯ ಮುಂದೆ ನಿಲ್ಲುವ ವರ್ಷ ಅದು. ಪ್ರಶ್ನೆಗಳು ಹುಟ್ಟುವುದೇ ಆಗ.

ಬ್ರಿಟನ್ನಿನಲ್ಲಿ ಹಾಗಲ್ಲ. ಅಲ್ಲಿ ಪದವಿ ಆದ ಮೇಲೆ ಎರಡು ವರ್ಷದ ಫೌಂಡೇಶನ್ ತರಬೇತಿ ಇದೆ. ಅದರಲ್ಲಿ ಕೆಲವು ಹುದ್ದೆಗಳನ್ನು ಸಂಶೋಧನೆ, ಬೋಧನೆ ಅಥವಾ ನಾಯಕತ್ವಕ್ಕೆ ಅಂತಲೇ ಬೇರೆ ಇಟ್ಟಿದ್ದಾರೆ. ಮೊದಲು ಅದಕ್ಕೆ ಅಕಾಡೆಮಿಕ್ ಫೌಂಡೇಶನ್ ಪ್ರೋಗ್ರಾಂ ಎನ್ನುತ್ತಿದ್ದರು, ಈಗ ಸ್ಪೆಷಲೈಸ್ಡ್ ಫೌಂಡೇಶನ್ ಪ್ರೋಗ್ರಾಂ. ಸಾಮಾನ್ಯವಾಗಿ ಎರಡನೇ ವರ್ಷದಲ್ಲಿ ನಾಲ್ಕು ತಿಂಗಳು ಸಿಗುತ್ತದೆ. ಕೆಲವು ಕಡೆ ವಾರಕ್ಕೆ ಒಂದು ದಿನದಂತೆ ಹಂಚುತ್ತಾರೆ. ನಮ್ಮ ಕುಂಬಳೆ ಕಡೆಯ ಒಬ್ಬ ಸೀನಿಯರ್ ಅಲ್ಲಿ ಕೆಲಸ ಮಾಡುತ್ತಿದ್ದಾರೆ. ಅವರಿಂದ ಇದನ್ನೆಲ್ಲ ಕೇಳಿದಾಗ ನಮ್ಮಲ್ಲೂ ಇದ್ದಿದ್ದರೆ ಅಂತ ಆಸೆಯಾಯಿತು. ಅವರೇ ಹೇಳಿದರು: "ಹುದ್ದೆಗೆ ಕಾಯಬೇಡ. ನಿನ್ನ ರೊಟೇಶನ್ ಪಟ್ಟಿ ತೆಗೆದು ನೋಡು, ಎಲ್ಲಿ ಜಾಗ ಇದೆ ಅಂತ."

ಪಟ್ಟಿ ತೆಗೆದು ನೋಡಿದೆ. 2021ರ ಇಂಟರ್ನ್‌ಶಿಪ್ ನಿಯಮದಲ್ಲಿ ಸಮುದಾಯ ವೈದ್ಯಕ್ಕೆ 12 ವಾರ ಇದೆ. ಇಡೀ ವರ್ಷದಲ್ಲಿ ಒಂದೇ ಕಡೆ ಇಷ್ಟು ದಿನ ಸಿಗುವುದು ಅಲ್ಲಿ ಮಾತ್ರ. ಸರ್ಜರಿ, ಗೈನಕ್ ಪೋಸ್ಟಿಂಗ್‌ಗಳಲ್ಲಿ ಊಟಕ್ಕೇ ಹೊತ್ತು ಸಿಗುವುದಿಲ್ಲ, ಅಲ್ಲಿ ಸಂಶೋಧನೆಯ ಮಾತು ಬೇಡ. ವರ್ಷಕ್ಕೆ ರಜೆ ಹೆಚ್ಚೆಂದರೆ 15 ದಿನ. ಅದನ್ನು ಇದಕ್ಕೆ ಬಳಸಿದರೆ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಾಗ ರಜೆಯೇ ಇರುವುದಿಲ್ಲ. ಹಾಗಾಗಿ ಕೆಲಸದ ಹೊರಗೆ ಸಮಯ ಹುಡುಕುವುದನ್ನು ಬಿಟ್ಟೆ. ದಿನಾ ಮಾಡುವ ಕೆಲಸದ ಒಳಗೇ ಕೂರುವ ಪ್ರಶ್ನೆ ಬೇಕು ಅಂತ ನಿಶ್ಚಯ ಮಾಡಿದೆ.

ಓದಿದ್ದು ಕೇರಳದ ಬೇರೆ ಜಿಲ್ಲೆಯ ಕಾಲೇಜಿನಲ್ಲಿ. ಊರು ಕಾಸರಗೋಡು ಜಿಲ್ಲೆಯಲ್ಲಿ, ಕರ್ನಾಟಕದ ಗಡಿಗೆ ಹತ್ತಿರದ ಎಣ್ಮಕಜೆ ಕಡೆ. ಪೋಸ್ಟಿಂಗಿನ ಒಂದು ಭಾಗವನ್ನು ನಮ್ಮ ಗಡಿಭಾಗದ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಮಾಡಲು ವಿಭಾಗದ ಮುಖ್ಯಸ್ಥರಿಗೆ ಪತ್ರ ಕೊಟ್ಟೆ. ಕಾರಣವನ್ನು ಎರಡೇ ಸಾಲಿನಲ್ಲಿ ಬರೆದಿದ್ದೆ: ಅಲ್ಲಿಯ ರೋಗಿಗಳ ಕನ್ನಡ, ತುಳು ನನಗೆ ಬರುತ್ತದೆ, ಮಲಯಾಳಂ ಮಾತ್ರ ಬರುವವರಿಗೆ ಅಲ್ಲಿ ಕೆಲಸ ಕಷ್ಟ. ಅನುಮತಿ ಸಿಕ್ಕಿತು. ಇಂಥ ಪತ್ರವನ್ನು ಪೋಸ್ಟಿಂಗ್ ಶುರುವಾಗುವ ಎರಡು ಮೂರು ತಿಂಗಳು ಮೊದಲೇ ಕೊಡಬೇಕು. ಪಟ್ಟಿ ಒಮ್ಮೆ ಗೋಡೆಗೆ ಅಂಟಿಸಿದ ಮೇಲೆ ಬದಲಿಸುವುದು ಕಷ್ಟ.

ಕಾಸರಗೋಡಿನವರು ಅಂದ ತಕ್ಷಣ ಎಲ್ಲರೂ ಹೇಳುವುದು ಒಂದೇ: ಎಂಡೋಸಲ್ಫಾನ್ ಕೀಟನಾಶಕದ ಬಗ್ಗೆ ಮಾಡಿ. ನಾನು ಮಾಡಲಿಲ್ಲ. ಆ ವಿಷಯ ನನಗೆ ತುಂಬಾ ಹತ್ತಿರದ್ದು. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಮದ್ದು ಬಿಟ್ಟದ್ದು ನಮ್ಮ ಹಿರಿಯರ ಕಣ್ಣೆದುರೇ. ನಿಂತದ್ದು 2000ದ ಹೊತ್ತಿಗೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು 2001ರಲ್ಲಿ ನಮ್ಮ ಎಣ್ಮಕಜೆಯ ಪಡ್ರೆಗೆ ಬಂದು ಪರೀಕ್ಷೆ ಮಾಡಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಅದನ್ನು ತಡೆಯಿತು. ಆ ಮನೆಗಳಿಗೆ ಎಷ್ಟೋ ತಂಡಗಳು ಪ್ರಶ್ನಾವಳಿ ಹಿಡಿದು ಹೋಗಿವೆ. ಮಗುವನ್ನು ಎತ್ತಿಕೊಂಡು ಅದೇ ಕಥೆಯನ್ನು ಮತ್ತೆ ಮತ್ತೆ ಹೇಳಿದ ಅಮ್ಮಂದಿರು ಅಲ್ಲಿದ್ದಾರೆ. ಕೆಲವೇ ವಾರ ಇರುವ ಹೌಸ್ ಸರ್ಜನ್ ಇನ್ನೊಂದು ಫಾರ್ಮ್ ಹಿಡಿದು ಅವರ ಬಾಗಿಲಿಗೆ ಹೋಗುವುದು ಸರಿಯಲ್ಲ ಎಂದು ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ಅಲ್ಲಿ ಬೇಕಾದದ್ದು ವರ್ಷಗಟ್ಟಲೆ ಜೊತೆಗೆ ನಿಲ್ಲುವ ಕೆಲಸ.

ನನಗೆ ಬೇಕಾದ ಪ್ರಶ್ನೆ ಬಿಪಿ–ಶುಗರ್ ಕ್ಲಿನಿಕ್ಕಿನಲ್ಲಿ ಸಿಕ್ಕಿತು. ನಮ್ಮ ಕಡೆಯವರು ದೊಡ್ಡ ಕಾಯಿಲೆಗೆ ಮಂಗಳೂರಿಗೆ ಹೋಗುತ್ತಾರೆ. ತಿಂಗಳ ಮಾತ್ರೆಗೆ ಊರಿನ ಆರೋಗ್ಯ ಕೇಂದ್ರಕ್ಕೆ ಬರುತ್ತಾರೆ, ಇಲ್ಲಿ ಉಚಿತ. ಮಂಗಳೂರಿನ ಚೀಟಿಯಲ್ಲಿ ಬ್ರಾಂಡ್ ಹೆಸರು ಇರುತ್ತದೆ. ನಮ್ಮಲ್ಲಿ ಕೊಡುವ ಮಾತ್ರೆಯ ಪಟ್ಟಿಯಲ್ಲಿ ಮದ್ದಿನ ಹೆಸರು ಮಾತ್ರ. ಬಣ್ಣ ಬೇರೆ, ಗಾತ್ರ ಬೇರೆ. ಒಬ್ಬರು ಅಜ್ಜ ಕಾಲು ಬಾತುಕೊಂಡು ಬಂದಿದ್ದರು. ಕೇಳಿದರೆ, "ಮಂಗಳೂರಿನ ಗುಳಿಗೆ ಬೆಳಿಗ್ಗೆಗೆ, ಇಲ್ಲಿಯದ್ದು ರಾತ್ರಿಗೆ ಡಾಕ್ಟ್ರೇ. ಎರಡೂ ಒಳ್ಳೆಯದೇ ಅಲ್ವಾ?" ಅಂದರು. ಎರಡೂ ಆಮ್ಲೊಡಿಪಿನ್ ಎಂಬ ಬಿಪಿ ಮದ್ದೇ. ಡೋಸ್ ಹೆಚ್ಚಾದರೆ ಪಾದ ಬಾತುಕೊಳ್ಳುವುದು ಆ ಮದ್ದಿನಲ್ಲಿ ಸಾಮಾನ್ಯ. ಕಾಲು ಬಾತಿದೆ ಅಂತ ಇನ್ನೊಂದು ಕಡೆ ಮೂತ್ರ ಹೋಗುವ ಮಾತ್ರೆಯನ್ನೂ ಬರೆದಿದ್ದರು.

ಆಮ್ಲೊಡಿಪಿನ್ ಎರಡು ಸಲ ಹೋದರೆ ತಲೆ ತಿರುಗಬಹುದು, ಕಾಲು ಬಾತುಕೊಳ್ಳಬಹುದು. ಅದಕ್ಕಿಂತ ಅಪಾಯದ ಜೋಡಿಗಳು ಇವೆ. ಬಿಪಿಗೆ ಟೆಲ್ಮಿಸಾರ್ಟಾನ್ ಒಂದು ಕಡೆಯದ್ದು, ಲೋಸಾರ್ಟಾನ್ ಇನ್ನೊಂದು ಕಡೆಯದ್ದು. ಹೆಸರು ಬೇರೆಯಾದರೂ ಗುಂಪು ಒಂದೇ. ಒಟ್ಟಿಗೆ ತೆಗೆದುಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು, ಕಿಡ್ನಿಗೆ ಪೆಟ್ಟಾಗಬಹುದು. ಶುಗರಿನಲ್ಲಿ ಗ್ಲಿಮೆಪಿರೈಡ್ ಬಗ್ಗೆ ನನಗೆ ಎಲ್ಲಕ್ಕಿಂತ ಹೆದರಿಕೆ. ಅದು ಒಂಟಿ ಮಾತ್ರೆಯಾಗಿ ಬರುತ್ತದೆ, ಮೆಟ್‌ಫಾರ್ಮಿನ್ ಜೊತೆ ಸೇರಿದ ಮಾತ್ರೆಯಾಗಿಯೂ ಬರುತ್ತದೆ. ಎರಡೂ ನುಂಗಿದವರಿಗೆ ಊಟ ತಡವಾದರೆ ಸಾಕು, ಶುಗರ್ ಇಳಿದು ಬೆವರಿ ಬೀಳುತ್ತಾರೆ. ರಂಜಾನ್ ಉಪವಾಸದಲ್ಲಿ, ಏಕಾದಶಿಯ ದಿನ ಇದು ಜಾಸ್ತಿ ಅಪಾಯ. ವಯಸ್ಸಾದವರಿಗೆ ರಾತ್ರಿ ಹೀಗಾದರೆ ಮನೆಯವರಿಗೆ ಗೊತ್ತೂ ಆಗುವುದಿಲ್ಲ.

ಪ್ರಶ್ನೆ ಹೀಗೆ ಬರೆದುಕೊಂಡೆ: ನಮ್ಮ ಕ್ಲಿನಿಕ್ಕಿಗೆ ಬರುವ ಬಿಪಿ, ಶುಗರ್ ರೋಗಿಗಳಲ್ಲಿ ಎಷ್ಟು ಮಂದಿ ಒಂದೇ ಮದ್ದನ್ನು ಅಥವಾ ಒಂದೇ ಗುಂಪಿನ ಮದ್ದನ್ನು ಎರಡು ಕಡೆಯಿಂದ ತೆಗೆದುಕೊಳ್ಳುತ್ತಿದ್ದಾರೆ? ಗೈಡ್ ಆಗಲು ಒಪ್ಪಿದ ಮೇಡಂ ಇದನ್ನು ಓದಿ, ಇಷ್ಟೇ ಸಾಕು, ಒಂದು ಪದವೂ ಸೇರಿಸಬೇಡ ಅಂದರು. ಹೌಸ್ ಸರ್ಜನ್‌ಗೆ ಹಿರಿಯ ಅಧ್ಯಾಪಕರೊಬ್ಬರು ಗೈಡ್ ಆಗಿ ಇರಲೇಬೇಕು. ಸಂಶೋಧನೆಯಿಂದ ರೋಗಿಗೆ ತೊಂದರೆ ಆಗದಂತೆ ನೋಡಿ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗೆ ಉತ್ತರ ಕೊಡಬೇಕಾದವರು ಅವರು.

ಎಷ್ಟು ಜನ ಬೇಕು ಎಂಬ ಲೆಕ್ಕಕ್ಕೆ ನಾವು ಮೂರನೇ ವರ್ಷದಲ್ಲಿ ಬಾಯಿಪಾಠ ಮಾಡಿದ ನಾಲ್ಕು ಪಿಕ್ಯೂ ಸೂತ್ರವೇ ಸಾಕಾಯಿತು. ಪಿ ಅಂದರೆ ಈ ತೊಂದರೆ ನೂರರಲ್ಲಿ ಎಷ್ಟು ಮಂದಿಗೆ ಇರಬಹುದು ಎಂಬ ಅಂದಾಜು. ನೂರರಿಂದ ಅದನ್ನು ಕಳೆದರೆ ಉಳಿಯುವುದು ಕ್ಯೂ. ನಾಲ್ಕು, ಪಿ, ಕ್ಯೂ ಗುಣಿಸಿ, ಉತ್ತರದಲ್ಲಿ ಎಷ್ಟು ವ್ಯತ್ಯಾಸ ಬಂದರೂ ಪರವಾಗಿಲ್ಲವೋ ಅದರ ವರ್ಗದಿಂದ ಭಾಗಿಸಬೇಕು. ಏನೂ ಗೊತ್ತಿಲ್ಲದಾಗ ಪಿಯನ್ನು 50 ಅಂತ ಹಿಡಿಯುತ್ತಾರೆ. ವ್ಯತ್ಯಾಸ 10 ಬಿಟ್ಟರೆ 100 ಜನ ಸಾಕು. ಅದನ್ನೇ 5ಕ್ಕೆ ಇಳಿಸಿದರೆ 400 ಜನ ಬೇಕು. ಇರುವ ವಾರಗಳಲ್ಲಿ ಒಬ್ಬರೇ ಮಾಡುವ ಕೆಲಸಕ್ಕೆ 100 ಸರಿ. 400 ಅಂತ ಬರೆದು ಅರ್ಧಕ್ಕೆ ಬಿಟ್ಟರೆ ಯಾರಿಗೂ ಉಪಯೋಗ ಇಲ್ಲ.

ಎಥಿಕ್ಸ್ ಕಮಿಟಿ ಅಂದರೆ ಹೌಸ್ ಸರ್ಜನ್‌ಗಳು ಹೆದರುತ್ತಾರೆ. ಹೆದರಬೇಕಾಗಿಲ್ಲ, ಆದರೆ ಬೇಗ ಹೋಗಬೇಕು. ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಮೂರು ಬಗೆಯ ಪರಿಶೀಲನೆ ಇದೆ. ಕೆಲವಕ್ಕೆ ವಿನಾಯಿತಿ, ಅಪಾಯ ತೀರಾ ಕಡಿಮೆ ಇರುವಂಥದ್ದಕ್ಕೆ ಬೇಗ ಮುಗಿಯುವ ಪರಿಶೀಲನೆ, ಉಳಿದದ್ದಕ್ಕೆ ಪೂರ್ತಿ ಸಭೆ. ರೋಗಿಗೆ ಸೂಜಿ ಚುಚ್ಚುವುದಿಲ್ಲ, ಮದ್ದು ಬದಲಿಸುವುದಿಲ್ಲ, ಮಾತ್ರೆ ನೋಡಿ ಬರೆದುಕೊಳ್ಳುವುದು ಮಾತ್ರ ಎಂಬ ಕಾರಣಕ್ಕೆ ನನ್ನದು ಎರಡನೇ ಬಗೆಯಲ್ಲಿ ಹೋಯಿತು. ಕಮಿಟಿಯವರು ಒಂದು ಒಳ್ಳೆಯ ಪ್ರಶ್ನೆ ಕೇಳಿದರು. ಅಪಾಯದ ಜೋಡಿ ಕಣ್ಣಿಗೆ ಬಿದ್ದರೆ ಏನು ಮಾಡುತ್ತೀರಿ? ಸುಮ್ನೆ ಟಿಕ್ ಹಾಕಿ ಕಳಿಸುತ್ತೀರಾ? ಅದೇ ದಿನ ಮೆಡಿಕಲ್ ಆಫೀಸರ್‌ಗೆ ತೋರಿಸಿ, ಅವರು ನೋಡಿದ ಮೇಲೆಯೇ ರೋಗಿಯನ್ನು ಕಳಿಸುತ್ತೇವೆ ಅಂತ ಬರೆದು ಕೊಟ್ಟೆವು. ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಸಾಲು ಅದು ಎಂದು ನನ್ನ ನಂಬಿಕೆ.

ಒಪ್ಪಿಗೆ ಪತ್ರ ಕನ್ನಡದಲ್ಲಿ ಒಂದು, ಮಲಯಾಳಂನಲ್ಲಿ ಒಂದು. ತುಳುವಿನವರಿಗೆ, ಬ್ಯಾರಿ ಮಾತಾಡುವವರಿಗೆ ಅವರ ಮಾತಿನಲ್ಲೇ ವಿವರಿಸಿ, ಅವರಿಗೆ ಓದಲು ಬರುವ ಪತ್ರಕ್ಕೆ ಸಹಿ ಹಾಕಿಸಿದೆವು. ಓದಲು ಬರದವರಿಂದ ಹೆಬ್ಬೆಟ್ಟು, ಜೊತೆಗೆ ನಮ್ಮ ಕೆಲಸಕ್ಕೆ ಸಂಬಂಧ ಇಲ್ಲದ ಒಬ್ಬ ಸಾಕ್ಷಿ. ಕನ್ನಡ ಪತ್ರವನ್ನು ನಾನೇ ಬರೆದು ಅಮ್ಮನಿಗೆ ಓದಲು ಕೊಟ್ಟೆ. ಅವರು ಎಲ್ಲಿ ನಿಂತು ಮತ್ತೆ ಓದಿದರೋ ಆ ಸಾಲುಗಳನ್ನೆಲ್ಲ ತಿದ್ದಿದೆ.

ಇನ್ನು ಮಾಹಿತಿ ಸೇರಿಸುವುದು. ಏನೇನು ಮಾತ್ರೆ ತಗೊಳ್ತೀರಿ ಅಂತ ಬಾಯಿಮಾತಲ್ಲಿ ಕೇಳಿದರೆ "ಬಿಪಿದು ಒಂದು, ಶುಗರಿದು ಒಂದು" ಅಂತ ಉತ್ತರ ಬರುತ್ತದೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ತೊಟ್ಟೆಯಲ್ಲಿ (ಪ್ಲಾಸ್ಟಿಕ್ ಚೀಲದಲ್ಲಿ) ಹಾಕಿ ತರಲು ಹೇಳಬೇಕು. ಇದನ್ನು ಜನರಿಂದ ಮಾಡಿಸಿದವರು ಆಶಾ ಕಾರ್ಯಕರ್ತೆಯರು. ಕ್ಲಿನಿಕ್ಕಿನ ಹಿಂದಿನ ದಿನ ಅವರು ಮನೆಮನೆಗೆ ನೆನಪಿಸುತ್ತಿದ್ದರು. "ನಿಮ್ಮ ಮದ್ದು ತೆಗೆದುಕೊಳ್ಳಲಿಕ್ಕೆ ಅಲ್ಲ ಅಕ್ಕಾ, ನೋಡಿ ವಾಪಸು ಕೊಡ್ತಾರೆ" ಅಂತ ಅವರು ಹೇಳದಿದ್ದರೆ ಅರ್ಧ ಜನ ತರುತ್ತಿರಲಿಲ್ಲ. ದುಡ್ಡು ಕೊಟ್ಟು ತಂದ ಮಾತ್ರೆ ಕಿತ್ತುಕೊಳ್ಳುತ್ತಾರೆ ಎಂಬ ಭಯ ಇತ್ತು.

ತೊಟ್ಟೆ ಬಿಚ್ಚಿದಾಗ ಏನೆಲ್ಲ ಕಂಡಿತು! ಅವಧಿ ಮುಗಿದ ಮಾತ್ರೆಯ ಪಟ್ಟಿಗಳು. ತೀರಿಹೋದ ಗಂಡನ ಮಾತ್ರೆಯನ್ನು ಹಾಳಾಗಬಾರದು ಅಂತ ನುಂಗುತ್ತಿದ್ದ ಅಜ್ಜಿ. ಗಲ್ಫಿನಿಂದ ಮಗ ತಂದುಕೊಟ್ಟ, ಅರಬ್ಬೀ ಅಕ್ಷರದ ಪೆಟ್ಟಿಗೆ. ನಾನು ಎರಡು ಕಡೆಯ ಮದ್ದು ಹುಡುಕುತ್ತಿದ್ದೆ, ಕೆಲವರದ್ದು ಮೂರು ಕಡೆಯದ್ದು ಇತ್ತು. ಪ್ರತಿ ಮಾತ್ರೆಯ ಹೆಸರು, ಡೋಸ್, ದಿನಕ್ಕೆ ಎಷ್ಟು, ಎಲ್ಲಿಂದ ಬಂತು ಎಂಬುದನ್ನು ಫೋನಿನಲ್ಲಿ ಎಪಿಕಲೆಕ್ಟ್ ಎಂಬ ಉಚಿತ ಆ್ಯಪಿನಲ್ಲಿ ತುಂಬಿಸಿದೆ. ನೆಟ್‌ವರ್ಕ್ ಇಲ್ಲದಿದ್ದರೂ ಅದು ಕೆಲಸ ಮಾಡುತ್ತದೆ, ನಮ್ಮ ಗುಡ್ಡದ ಕಡೆ ಅದು ದೊಡ್ಡ ಅನುಕೂಲ. ರೋಗಿಯ ಹೆಸರು ಅದರಲ್ಲಿ ಇಲ್ಲ, ಬರೇ ಒಂದು ಸಂಖ್ಯೆ. ಹೆಸರು–ಸಂಖ್ಯೆಯ ಪಟ್ಟಿ ಬೇರೆ ಪುಸ್ತಕದಲ್ಲಿ, ಬೀಗದ ಕಪಾಟಿನಲ್ಲಿ.

ಜೋಡಿ ಸಿಕ್ಕಿದವರ ವಿಷಯದಲ್ಲಿ ಒಂದು ನಿಯಮ ಇಟ್ಟುಕೊಂಡಿದ್ದೆವು. ಯಾವ ಮಾತ್ರೆ ಬಿಡಬೇಕು ಅಂತ ನಾನು ಹೇಳುವುದಿಲ್ಲ. ಮೆಡಿಕಲ್ ಆಫೀಸರ್ ನೋಡಿ, ಬೇಕಾದರೆ ಮಂಗಳೂರಿನ ಡಾಕ್ಟರಿಗೆ ಫೋನ್ ಮಾಡಿ ತೀರ್ಮಾನ ಮಾಡುತ್ತಾರೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ರಕ್ತ ತೆಳು ಮಾಡುವ ಮಾತ್ರೆಯನ್ನು ಯಾರೋ ಗೊತ್ತಿಲ್ಲದೆ ನಿಲ್ಲಿಸಿಬಿಟ್ಟರೆ ಜೀವಕ್ಕೇ ಅಪಾಯ. ಫೋನ್ ಮಾಡಿದಾಗ ಆ ಕಡೆಯ ಡಾಕ್ಟರುಗಳು ಬೇಸರ ಮಾಡಿಕೊಂಡದ್ದು ಕಡಿಮೆ. ನಿಮ್ಮಲ್ಲಿ ಏನು ಕೊಡುತ್ತೀರಿ ಅಂತ ನಮಗೆ ತಿಳಿಯುವುದೇ ಇಲ್ಲ ಅಂತ ಹಲವರು ಹೇಳಿದರು. ನಮ್ಮ ದಾಖಲೆ ಕೇರಳದ್ದು, ಅವರದ್ದು ಅವರ ಆಸ್ಪತ್ರೆಯದ್ದು. ರೋಗಿ ಒಬ್ಬನೇ. 2020ರ ಮಾರ್ಚಿನಲ್ಲಿ ಕೊರೋನಾ ಅಂತ ರಾಜ್ಯದ ಗಡಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಆಂಬುಲೆನ್ಸಿನಲ್ಲೇ ಜನ ಸತ್ತದ್ದನ್ನು ನಮ್ಮೂರಿನವರು ಮರೆತಿಲ್ಲ. ಆಗ ಮಂಗಳೂರಿನ ಮಾತ್ರೆ ಮುಗಿದು ಏನು ಮಾಡುವುದೆಂದು ತಿಳಿಯದೆ ಕೂತವರು ಎಷ್ಟೋ ಮಂದಿ. ಒಂದಿಷ್ಟು ಹೆಚ್ಚೇ ಇಟ್ಟುಕೊಳ್ಳುವ ಅಭ್ಯಾಸ ಅಲ್ಲಿಂದ ಬಂತು ಅಂತ ಕೆಲವರು ನನ್ನ ಹತ್ತಿರ ಹೇಳಿದರು. ಅದನ್ನು ಕೇಳಿದ ಮೇಲೆ, ಎರಡೆರಡು ಮಾತ್ರೆ ನುಂಗುವವರನ್ನು ತಿಳಿವಳಿಕೆ ಇಲ್ಲದವರು ಅಂತ ಬರೆಯಲು ನನ್ನ ಕೈ ಬರಲಿಲ್ಲ.

ನೀಟ್ ಪಿಜಿ ಓದು ಇದರ ಜೊತೆಗೇ ನಡೆಯಿತು. ಪಿಜಿ ಸೀಟು ಸಿಗುವುದು ಆ ಪರೀಕ್ಷೆಯ ರ‍್ಯಾಂಕಿನ ಮೇಲೆ, ಸಂಶೋಧನೆಗೆ ಅಲ್ಲಿ ಅಂಕ ಇಲ್ಲ. ಅದನ್ನು ತಿಳಿದೇ ಇದಕ್ಕೆ ಇಳಿಯಬೇಕು. ಬೆಳಿಗ್ಗೆ ಓದು, ಹಗಲು ಒಪಿಯಲ್ಲಿ (ಹೊರರೋಗಿ ವಿಭಾಗದಲ್ಲಿ) ಕೆಲಸ, ಸಂಜೆ ಒಂದು ಗಂಟೆ ಮಾಹಿತಿ ಸರಿ ನೋಡುವುದು. ಮಾಹಿತಿಯನ್ನು ಆ ದಿನವೇ ನೋಡಿದರೆ ತಪ್ಪು ಸಿಗುತ್ತದೆ. ತಿಂಗಳ ಕೊನೆಗೆ ನೋಡುತ್ತೇನೆ ಅಂದರೆ ಕೇಳಲು ರೋಗಿ ಎದುರಿಗೆ ಇರುವುದಿಲ್ಲ. ಲೆಕ್ಕಾಚಾರಕ್ಕೆ ಎಪಿ ಇನ್ಫೋ ಎಂಬ ತಂತ್ರಾಂಶ ಸಾಕಾಯಿತು. ಅಮೆರಿಕದ ಸರಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯವರು ಅದನ್ನು ಉಚಿತವಾಗಿ ಕೊಡುತ್ತಿದ್ದರು.

ಬರೆಯುವಾಗ ಲೇಖಕರ ಹೆಸರಿನ ಮಾತು ಬರುತ್ತದೆ. ಇದನ್ನು ಮೊದಲ ವಾರದಲ್ಲೇ ಗೈಡ್ ಹತ್ತಿರ ಬಾಯಿಬಿಟ್ಟು ಕೇಳಿ. ಕೆಲಸ ಮಾಡಿ ಬರೆದವರ ಹೆಸರು ಮೊದಲು ಎಂಬುದು ನಮ್ಮಲ್ಲಿ ಆಗಲೇ ತೀರ್ಮಾನವಾಗಿತ್ತು. ಮೆಡಿಕಲ್ ಆಫೀಸರ್ ಪ್ರಶ್ನಾವಳಿ ತಿದ್ದಿದವರು, ಫಲಿತಾಂಶ ಓದಿ ವಾದ ಮಾಡಿದವರು, ಹಾಗಾಗಿ ಅವರ ಹೆಸರೂ ಬಂತು. ಆಶಾ ಕಾರ್ಯಕರ್ತೆಯರಿಗೆ ಕೃತಜ್ಞತೆಯ ಸಾಲು. ಅವರನ್ನು ಒಂದೇ ಗುಂಪಾಗಿ ಹೇಳದೆ, ಒಪ್ಪಿಗೆ ಪಡೆದು ಒಬ್ಬೊಬ್ಬರ ಹೆಸರು ಹಾಕಿದೆವು. ಅಧ್ಯಯನದ ಪೋಸ್ಟರ್ ಕಾಲೇಜಿನಲ್ಲಿ ಇಟ್ಟ ದಿನ ಫೋಟೋ ತೆಗೆದು ಅವರಿಗೆ ಕಳಿಸಿದೆ.

ಫಲಿತಾಂಶವನ್ನು ಮೊದಲು ಹೇಳಿದ್ದು ಆರೋಗ್ಯ ಕೇಂದ್ರದ ತಿಂಗಳ ಮೀಟಿಂಗಿನಲ್ಲಿ. ಅಲ್ಲೇ ಒಂದು ಕಾರ್ಡ್ ಮಾಡುವ ಯೋಚನೆ ಬಂತು. ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳಂ. ಮದ್ದಿನ ಹೆಸರು ಇಂಗ್ಲಿಷಿನಲ್ಲಿ, ಪಕ್ಕದಲ್ಲಿ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ. ರೋಗಿ ಎಲ್ಲಿಗೆ ಹೋದರೂ ಅದನ್ನು ತೋರಿಸಬೇಕು, ಯಾವ ಡಾಕ್ಟರ್ ಬದಲಿಸಿದರೂ ಅದರಲ್ಲಿ ಬರೆಯಬೇಕು. ಫಾರ್ಮಸಿಸ್ಟ್ ಅದನ್ನು ನೋಡದೆ ಮಾತ್ರೆ ಕೊಡುವುದಿಲ್ಲ ಅಂತ ಅವರೇ ಮುಂದೆ ಬಂದು ಒಪ್ಪಿದರು.

ನಮ್ಮ ಜಿಲ್ಲೆಯ ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಹಾಕಿದ್ದರು. ಎಂಬಿಬಿಎಸ್‌ಗೆ ಅನುಮತಿ ಸಿಕ್ಕಿದ್ದು 2025ರಲ್ಲಿ. ಮೊದಲ ತಂಡ ಹೌಸ್ ಸರ್ಜನ್ಸಿಗೆ ಬರುವಾಗ ನಮ್ಮ ಪಂಚಾಯತಿನ ಕೇಂದ್ರಗಳಿಗೇ ಬರಬೇಕು ಎಂದು ನನ್ನ ಆಸೆ. ಮಾಡಲು ಕೆಲಸ ಉಳಿದಿದೆ. ಟೆಲ್ಮಿಸಾರ್ಟಾನ್, ಲೋಸಾರ್ಟಾನ್ ಎರಡೂ ನುಂಗುತ್ತಿದ್ದವರ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತಿಳಿಸುವ ಅಂಶ), ಪೊಟ್ಯಾಸಿಯಂ ಎಷ್ಟಿತ್ತು, ಒಂದನ್ನು ನಿಲ್ಲಿಸಿದ ಮೇಲೆ ಎಷ್ಟಾಯಿತು ಅಂತ ಯಾರೂ ನೋಡಿಲ್ಲ. ನನ್ನ ಪ್ರೊಟೊಕಾಲ್ (ಅಧ್ಯಯನದ ಲಿಖಿತ ಯೋಜನೆ), ಕನ್ನಡದ ಒಪ್ಪಿಗೆ ಪತ್ರ, ಪ್ರಶ್ನಾವಳಿ ಮೂರನ್ನೂ ಆ ಕೇಂದ್ರದ ಮೆಡಿಕಲ್ ಆಫೀಸರ್ ಹತ್ತಿರ ಕೊಟ್ಟು ಬಂದಿದ್ದೇನೆ. ಬೇಕಾದವರು ಕೇಳಿ ಪಡೆದು, ತಮ್ಮ ಕಮಿಟಿಯ ಒಪ್ಪಿಗೆ ಪಡೆದು ಮುಂದುವರಿಸಬಹುದು.