ಕಾಫಿ ಕೊಯ್ಲಿನ ನಡುವೆ ಹಳೇ ಪಿಕಪ್ ರಿಪೇರಿ: ನನ್ನ ಅನುಭವ

ಕೊಡಗಿನ ಚಳಿ ಗಾಡಿಯನ್ನು ಕೆಡಿಸುವುದಿಲ್ಲ. ಕೆಡಿಸುವುದು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು, ಕೆಸರು, ಪಸೆ ಸೇರಿ ಗಾಡಿಗೆ ಏನೇನು ಮಾಡಿಟ್ಟಿವೆ ಅನ್ನುವುದು ಡಿಸೆಂಬರ್ ಬೆಳಗಿನ ಚಳಿಯಲ್ಲಿ ಗೊತ್ತಾಗುತ್ತದೆ, ಅಷ್ಟೇ. ನಮ್ಮಲ್ಲಿ ಆಗ ಬೆಳಿಗ್ಗೆ ಹತ್ತು ಹನ್ನೆರಡು ಡಿಗ್ರಿ ಇರುತ್ತದೆ. ಅದು ಡೀಸೆಲ್ ಗಟ್ಟಿಯಾಗುವಂಥ ಚಳಿ ಅಲ್ಲವೇ ಅಲ್ಲ. ಹಾಗಾಗಿ ‘ಚಳಿಗೆ ಗಾಡಿ ಸ್ಟಾರ್ಟ್ ಆಗ್ತಿಲ್ಲ’ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಎಲ್ಲೋ ಏನೋ ಸೋತಿದೆ. ಅದನ್ನು ಹುಡುಕಬೇಕು.

ನಮ್ಮದು ಸೋಮವಾರಪೇಟೆ ಕಡೆ. ಅರೇಬಿಕಾ ಜಾಸ್ತಿ, ಕೆಳಗಿನ ತೋಟದಲ್ಲಿ ಸ್ವಲ್ಪ ರೋಬಸ್ಟಾ. ಅರೇಬಿಕಾ ಕೊಯ್ಲು ನವೆಂಬರ್, ಡಿಸೆಂಬರ್‌ನಲ್ಲಿ. ರೋಬಸ್ಟಾ ಜನವರಿ ಮೇಲೆ. ಪಿಕಪ್ ಒಂದು ದಿನ ನಿಂತರೂ ಕೆಲಸದವರು ಬರುವುದಿಲ್ಲ, ಹಣ್ಣು ಕಣಕ್ಕೆ ಹೋಗುವುದಿಲ್ಲ. ಚೀಲದಲ್ಲೇ ಉಳಿದ ಹಣ್ಣು ಬಿಸಿಯಾಗಿ ಹುಳಿ ವಾಸನೆ ಹಿಡಿಯುತ್ತದೆ. ಆ ಹೊತ್ತಿಗೆ ಎಲ್ಲ ಗ್ಯಾರೇಜಿನಲ್ಲೂ ಗಾಡಿಗಳ ಸಾಲು. ಅದಕ್ಕೇ ನಾವು ಮೂವರು ಗೆಳೆಯರು ಡಿಸೆಂಬರ್‌ನ ಭಾನುವಾರಗಳನ್ನು ಗಾಡಿಗೇ ಇಟ್ಟಿದ್ದೇವೆ. ನನ್ನದು 2523 ಸಿಸಿ ಡಿಐ (ಡೀಸೆಲ್ ನೇರವಾಗಿ ಪಿಸ್ಟನ್ ಮೇಲೆ ಬೀಳುವ) ಎಂಜಿನ್ನಿನ ಮಹೀಂದ್ರ. ಒಬ್ಬನದು ಪ್ಯೂಜೊ ಎಂಜಿನ್ನಿನ ಹಳೇ ಜೀಪು, ಹಿಂದೆ ತೊಟ್ಟಿ ಕಟ್ಟಿಸಿ ಪಿಕಪ್ ಮಾಡಿಕೊಂಡಿದ್ದಾನೆ. ಇನ್ನೊಬ್ಬನದು ಟಾಟಾ 207. ಮೂರೂ ವಯಸ್ಸಾದ ಗಾಡಿಗಳು. ಮೂರನ್ನೂ ಮಾರುವ ಯೋಚನೆ ನಮಗಿಲ್ಲ.

ಸ್ಟಾರ್ಟಿಂಗ್ ತೊಂದರೆಯಿಂದಲೇ ಶುರು ಮಾಡುತ್ತೇನೆ. ಜಾಸ್ತಿ ದುಡ್ಡು ಸುಮ್ನೆ ಪೋಲಾಗುವುದು ಅಲ್ಲೇ.

207 ಬೆಳಿಗ್ಗೆ ಸೆಲ್ಫ್ (ಎಂಜಿನ್ ತಿರುಗಿಸಿ ಹತ್ತಿಸುವ ಮೋಟರ್) ಹೊಡೆದರೆ ನಿಧಾನಕ್ಕೆ ಎರಡು ಸುತ್ತು ತಿರುಗಿ ಸುಮ್ಮನಾಗುತ್ತಿತ್ತು. ಮಧ್ಯಾಹ್ನ ಬಿಸಿಲು ಬಿದ್ದ ಮೇಲೆ ಸರಿಯಾಗಿ ಸ್ಟಾರ್ಟ್ ಆಗುತ್ತಿತ್ತು. ಬ್ಯಾಟರಿ ಹೊಸದು.

“ಸೆಲ್ಫೇ ಹೋಗಿದೆ ಅಂತಾರೆ ಮಾರಾಯ, ಬಿಚ್ಚಿ ರಿವೈಂಡಿಂಗ್‌ಗೆ ಕೊಡ್ಬೇಕಂತೆ.”

“ಮೊದಲು ಮೀಟರ್ ಹಿಡಿಯೋಣ. ಆಮೇಲೆ ಬಿಚ್ಚೋದು ಇದ್ದೇ ಇದೆ.”

ಮಲ್ಟಿಮೀಟರ್ ದೊಡ್ಡ ಖರ್ಚೇನಲ್ಲ. ಹಳೇ ಗಾಡಿ ಇರುವವರ ಮನೆಯಲ್ಲಿ ಇರಲೇಬೇಕು. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ಮೇಲೆ ಬೆಳಿಗ್ಗೆ ಇಟ್ಟರೆ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12.2ಕ್ಕೆ ಬಂದಿದ್ದರೆ ಸುಮಾರು ಅರ್ಧ ಚಾರ್ಜ್ ಮಾತ್ರ ಉಳಿದಿದೆ ಅಂತಲೇ ಲೆಕ್ಕ. ಎಂಜಿನ್ ಓಡುವಾಗ 13.8ರಿಂದ 14.4ರ ಒಳಗೆ ಇದ್ದರೆ ಆಲ್ಟರ್ನೇಟರ್ ಚೆನ್ನಾಗಿದೆ. ಸೆಲ್ಫ್ ಹೊಡೆಯುವಾಗ ಹತ್ತಕ್ಕಿಂತ ತುಂಬ ಕೆಳಗೆ ಬೀಳಬಾರದು. 207ರಲ್ಲಿ ಇವೆಲ್ಲ ಸರಿಯಾಗಿದ್ದವು. ಆದರೂ ಸೆಲ್ಫ್ ಸೋಮಾರಿ.

ಆಗ ಮಾಡಿದ್ದು ಇಷ್ಟು. ಗಾಡಿ ಸ್ಟಾರ್ಟ್ ಆಗದ ಹಾಗೆ ಒಬ್ಬ ಸ್ಟಾಪ್ ಕೇಬಲ್ ಎಳೆದು ಹಿಡಿದು ಕೀ ತಿರುಗಿಸಿದ. ನಾನು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಗುಬ್ಬಿಗೇ ಒತ್ತಿದೆ. ಕ್ಲ್ಯಾಂಪಿಗೆ ಅಲ್ಲ, ಗುಬ್ಬಿಗೆ. ಇನ್ನೊಂದನ್ನು ಎಂಜಿನ್ ಬ್ಲಾಕಿನ ಮೇಲೆ ಉಜ್ಜಿ ಹೊಳಪು ಮಾಡಿದ ಜಾಗಕ್ಕೆ ಒತ್ತಿದೆ. ಸೆಲ್ಫ್ ತಿರುಗುವಾಗ ಅಲ್ಲಿ ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕು. ಎರಡು ದಾಟಿತ್ತು. ಅಂದರೆ ಸೆಲ್ಫಿಗೆ ಸಿಗಬೇಕಾದ ಎರಡು ವೋಲ್ಟ್ ವಾಪಸ್ ಬರುವ ದಾರಿಯಲ್ಲೇ ಸೋರಿ ಹೋಗುತ್ತಿತ್ತು.

ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ಅಲ್ವಾ? ರಬ್ಬರಿನಲ್ಲಿ ಕರೆಂಟ್ ಹೋಗುವುದಿಲ್ಲ. ಎಂಜಿನ್‌ನಿಂದ ಚಾಸಿಗೆ, ಚಾಸಿಯಿಂದ ಬ್ಯಾಟರಿಗೆ ದಾರಿ ಅಂದರೆ ಹೆಣೆದ ತಾಮ್ರದ ಅರ್ತ್ ಪಟ್ಟಿ ಒಂದೇ. ನಾವು ಕೆಳಗೆ ನುಗ್ಗಿ ನೋಡಿದಾಗ ಪಟ್ಟಿ ಹೊರಗಿನಿಂದ ಚೆನ್ನಾಗೇ ಕಾಣಿಸುತ್ತಿತ್ತು. ಬೋಲ್ಟ್ ಬಿಚ್ಚಿದ ಮೇಲೆ ನೋಡಿದರೆ ಪಟ್ಟಿಯ ಕಣ್ಣಿನ ಹಿಂದೆ ಚಾಸಿಯಲ್ಲಿ ತುಕ್ಕಿನ ಪದರ. ತಾಮ್ರದ ಎಳೆಗಳು ಹಸಿರು ಕಟ್ಟಿ, ಬಗ್ಗಿಸಿದರೆ ಪುಡಿ ಉದುರುತ್ತಿತ್ತು. ಆಕ್ಸಿಲರೇಟರ್ ಕೇಬಲ್ ಮುಟ್ಟಿದರೆ ಬಿಸಿ! ಪಟ್ಟಿಯಲ್ಲಿ ದಾರಿ ಸಿಗದ ಕರೆಂಟ್ ಆ ತೆಳ್ಳಗಿನ ಕೇಬಲಿನಲ್ಲಿ ಹರಿಯುತ್ತಿತ್ತು. ಹಾಗೇ ಬಿಟ್ಟರೆ ಕೇಬಲಿನ ಒಳಪದರ ಕರಗಿ ಆಕ್ಸಿಲರೇಟರ್ ಹಿಡಿದುಕೊಳ್ಳುತ್ತದೆ. ಘಾಟಿಯಲ್ಲಿ ಹಾಗಾದರೆ ಗತಿ ಏನು?

ಎರಡೂ ಕಡೆ ಉಕ್ಕಿನ ಬ್ರಷ್‌ನಲ್ಲಿ ತಿಕ್ಕಿ ಬಿಳಿ ಲೋಹ ಕಾಣುವಂತೆ ಮಾಡಿದೆವು. ಹೊಸ ಪಟ್ಟಿ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ, ಮೇಲಿಂದ ಗ್ರೀಸ್ ಸವರಿದೆವು. ಗ್ರೀಸ್ ಬಿಗಿ ಮಾಡಿದ ಮೇಲೆಯೇ ಸವರಬೇಕು. ಮಾರನೇ ದಿನ ಮಂಜಿನಲ್ಲೇ ಒಂದೇ ಹೊಡೆತಕ್ಕೆ ಸ್ಟಾರ್ಟ್. ಸೆಲ್ಫ್ ಬಿಚ್ಚಲೇ ಇಲ್ಲ.

ಪ್ಯೂಜೊ ಜೀಪಿನ ಕಥೆ ಬೇರೆ. 2112 ಸಿಸಿಯ ಆ ಎಂಜಿನ್‌ನಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ತಲೆಯ ಮೇಲೆ ಬೀಳುವುದಿಲ್ಲ. ಹೆಡ್ಡಿನ ಒಳಗಿರುವ ಸಣ್ಣ ಗೂಡಿಗೆ ಬೀಳುತ್ತದೆ. ಆ ಗೂಡಿನ ಗೋಡೆ ತಣ್ಣಗಿದ್ದರೆ ಒತ್ತಡದಿಂದ ಹುಟ್ಟಿದ ಬಿಸಿಯನ್ನೆಲ್ಲ ಅದೇ ಹೀರಿಕೊಳ್ಳುತ್ತದೆ. ಅದಕ್ಕೇ ಆ ಎಂಜಿನ್‌ಗೆ ಗೂಡನ್ನು ಮೊದಲೇ ಬಿಸಿ ಮಾಡುವ ಹೀಟರ್ ಪ್ಲಗ್ ಬೇಕೇ ಬೇಕು. ಬೇಸಿಗೆಯಲ್ಲಿ ನಾಲ್ಕರಲ್ಲಿ ಎರಡು ಸತ್ತಿದ್ದರೂ ಗಾಡಿ ಹೇಗೋ ಹತ್ತುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಚಳಿಗೆ ಮಾತ್ರ ಹತ್ತಿದರೂ ಎರಡೇ ಸಿಲಿಂಡರಿನಲ್ಲಿ ಕುಂಟುತ್ತ ಬಿಳಿ ಹೊಗೆ ಬಿಡುತ್ತದೆ. ಪ್ಲಗ್‌ಗಳ ವೈರು ಬಿಡಿಸಿ ಒಂದೊಂದನ್ನೂ ಮೀಟರಿನಲ್ಲಿ ನೋಡಿದರೆ ಚೆನ್ನಾಗಿರುವುದು ಬಹಳ ಕಡಿಮೆ ಓಮ್ ತೋರಿಸುತ್ತದೆ. ಸತ್ತದ್ದರಲ್ಲಿ ಕರೆಂಟ್ ದಾಟುವುದೇ ಇಲ್ಲ. ಬದಲಾಯಿಸುವಾಗ ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿ. ಬಿಚ್ಚುವಾಗ ಆತುರ ಬೇಡ. ಮಸಿ ಕಟ್ಟಿ ಕೂತ ಪ್ಲಗ್ ಹೆಡ್ಡಿನ ಒಳಗೇ ಮುರಿದರೆ ಹೆಡ್ ಇಳಿಸಬೇಕಾಗುತ್ತದೆ. ನಾವು ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಬೆಳಿಗ್ಗೆ ಎಂಜಿನ್ ಬೆಚ್ಚಗೆ ಮಾಡಿ ಆಮೇಲೆ ಕೈ ಹಾಕುತ್ತೇವೆ.

ಡಿಐ ಎಂಜಿನ್‌ಗೆ ನಮ್ಮ ಚಳಿಯಲ್ಲಿ ಆ ಉಪಚಾರ ಬೇಕಾಗಿಲ್ಲ. ಸೆಲ್ಫ್ ಜೋರಾಗಿ ತಿರುಗಿದರೂ ಹತ್ತದಿದ್ದರೆ ಸೈಲೆನ್ಸರ್ ಬಾಯಿ ನೋಡಿ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ವಾಲ್ವ್ ತಳ್ಳುವ ಟ್ಯಾಪೆಟ್ ತುಂಬ ಬಿಗಿಯಾಗಿರಬಹುದು, ಕಂಪ್ರೆಷನ್ ಕಡಿಮೆಯಾಗಿರಬಹುದು, ಇಂಜೆಕ್ಟರ್ ಸರಿಯಾಗಿ ಸಿಂಪಡಿಸದೆ ತೊಟ್ಟಿಕ್ಕುತ್ತಿರಬಹುದು. ಹೊಗೆಯೇ ಇಲ್ಲ ಅಂದರೆ ಡೀಸೆಲ್ ಮುಟ್ಟುತ್ತಿಲ್ಲ. ನನ್ನ ಗಾಡಿಯಲ್ಲಿ ಆಗಿದ್ದು ಇದು. ರಬ್ಬರ್ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕು. ಡೀಸೆಲ್ ಹೊರಗೆ ಸೋರುತ್ತಿರಲಿಲ್ಲ, ಗಾಳಿ ಒಳಗೆ ಹೋಗುತ್ತಿತ್ತು. ರಾತ್ರಿಯಿಡೀ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದುಬಿಡುತ್ತಿತ್ತು. ಸ್ವಲ್ಪ ಪಾರದರ್ಶಕ ಪೈಪ್ ಮಧ್ಯೆ ಹಾಕಿ ನೋಡಿದರೆ ಗುಳ್ಳೆ ಓಡುವುದು ಕಣ್ಣಿಗೇ ಕಾಣಿಸುತ್ತದೆ. ಪೈಪ್ ಬದಲಾಯಿಸಿ, ಅದನ್ನು ಕೂಡಿಸುವ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್‌ಗಳನ್ನೂ ಹೊಸದು ಹಾಕಿದೆ. ಫಿಲ್ಟರ್ ಕೆಳಗಿನ ತಿರುಪು ಸಡಿಲಿಸಿ ಮಳೆಗಾಲದಲ್ಲಿ ಸೇರಿದ ನೀರನ್ನೂ ಬಿಟ್ಟೆ.

ಒಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ. ಚಳಿ ಅಂತ ಶೆಡ್ಡಿನ ಬಾಗಿಲು ಹಾಕಿಕೊಂಡು ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಹಾಗೇ, ಜಾಕಿ ಒಂದನ್ನೇ ನಂಬಿ ಗಾಡಿ ಕೆಳಗೆ ಹೋಗಬೇಡಿ. ನಾವು ಚಾಸಿ ಕೆಳಗೆ ಅಗಲವಾದ ಹಲಸಿನ ದಿಮ್ಮಿ ಕೊಟ್ಟು, ಉಳಿದ ಚಕ್ರಗಳಿಗೆ ಅಡ್ಡ ಇಟ್ಟು, ಗಾಡಿಯನ್ನು ಒಮ್ಮೆ ಅಲುಗಾಡಿಸಿ ನೋಡಿಯೇ ಒಳಗೆ ನುಗ್ಗುವುದು. ಸಿಮೆಂಟ್ ಬ್ಲಾಕ್ ಇಡಲೇಬಾರದು. ಅದು ಹೇಳದೆ ಕೇಳದೆ ಒಡೆಯುತ್ತದೆ.

ಕೆಳಗೆ ನುಗ್ಗಿದ ಮೇಲೆ ಮೊದಲ ಕೆಲಸ ಕೆಸರು ಕೆರೆಯುವುದು. ತೋಟದ ಕೆಸರು ಚಾಸಿಯ ಒಳಮೂಲೆಗಳಲ್ಲಿ ಗಟ್ಟಿಯಾಗಿ ಕೂತು ತಿಂಗಳುಗಟ್ಟಲೆ ಪಸೆ ಹಿಡಿದಿಟ್ಟುಕೊಂಡಿರುತ್ತದೆ. ಚಾಸಿ ತೂತಾಗುವುದು ಅಲ್ಲಿಂದಲೇ. ತೊಟ್ಟಿಯ ತಳವೂ ಹಾಗೇ, ಹಣ್ಣಿನ ಅಂಟುನೀರು ಶೀಟಿನ ಜೋಡಣೆಗಳಲ್ಲಿ ಇಳಿದು ಬಣ್ಣ ಎಬ್ಬಿಸುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಜಾಗ ಟಣ್ ಅನ್ನುತ್ತದೆ, ಸತ್ತ ಜಾಗ ದಪ್ ಅನ್ನುತ್ತದೆ. ತುಕ್ಕು ಕೆರೆದು, ರೆಡ್ ಆಕ್ಸೈಡ್ ಹೊಡೆದು, ಒಣಗಿದ ಮೇಲೆ ಕಪ್ಪು ಬಣ್ಣ. ಮಳೆಯಲ್ಲಿ ಈ ಕೆಲಸ ಆಗುವುದೇ ಇಲ್ಲ. ಡಿಸೆಂಬರ್‌ನ ಒಣ ಗಾಳಿ, ಮಧ್ಯಾಹ್ನದ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಹಳೇ ಎಂಜಿನ್ ಆಯಿಲ್ ಚಾಸಿಗೆ ಸಿಂಪಡಿಸುವ ರೂಢಿ ನಮ್ಮ ಕಡೆ ಇದೆ. ನಾನು ಬಿಟ್ಟಿದ್ದೇನೆ. ರಬ್ಬರ್ ಬುಷ್‌ಗಳು ಉಬ್ಬುತ್ತವೆ. ಮೊದಲ ಮಳೆಗೆ ಆ ಎಣ್ಣೆ ತೊಳೆದು ತೋಡಿಗೆ ಇಳಿಯುತ್ತದೆ. ನಮ್ಮ ತೋಡು ಸೇರುವುದು ಕಾವೇರಿಗೆ. ಹಳೇ ಆಯಿಲನ್ನು ಕ್ಯಾನಿಗೆ ತುಂಬಿ, ಅದನ್ನು ತೆಗೆದುಕೊಳ್ಳುವವರಿಗೆ ಕೊಡುತ್ತೇವೆ.

ಗ್ರೀಸ್ ಹೊಡೆಯುವುದಕ್ಕೂ ಒಂದು ಕ್ರಮ ಇದೆ. ಗಾಡಿಯ ಭಾರ ಸ್ಪ್ರಿಂಗ್ ಮೇಲೆ ಇರುವಾಗ ಸ್ಪ್ರಿಂಗನ್ನು ಚಾಸಿಗೆ ಹಿಡಿದಿಡುವ ಶಾಕಲ್ ಪಿನ್ನಿಗೆ ಗ್ರೀಸ್ ಹೊಡೆದರೆ ಒತ್ತಿಕೊಂಡ ಬದಿಗೆ ಅದು ಹೋಗುವುದೇ ಇಲ್ಲ. ಚಾಸಿ ಎತ್ತಿ ಭಾರ ಇಳಿಸಿ ಹೊಡೆಯಬೇಕು. ಹಳೇ ಕಪ್ಪು ಗ್ರೀಸ್ ಹೊರಗೆ ಬಂದು, ಹೊಸದರ ಬಣ್ಣ ಕಾಣುವವರೆಗೆ ಹೊಡೆಯಿರಿ. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರದ ಕಡೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗಳಲ್ಲಿ (ತಿರುಗುವ ಜೋಡಣೆಗಳಲ್ಲಿ) ನಾಲ್ಕೂ ಕಡೆಯಿಂದ ಗ್ರೀಸ್ ಬರಬೇಕು. ಒಂದು ಕಡೆ ಬರದಿದ್ದರೆ ಆ ಬದಿಯ ಬೇರಿಂಗ್ ಕಪ್‌ನ ಒಳಗಿನ ಸೂಜಿಗಳು ಒಣಗಿವೆ ಅಂತಲೇ ಅರ್ಥ.

ಹಿಂದಿನ ಹೌಸಿಂಗಿನ (ಹಿಂದಿನ ಆಕ್ಸಲ್‌ನ ಗೇರುಗಳಿರುವ ಗೂಡಿನ) ಆಯಿಲ್ ಬಿಚ್ಚಿ ನೋಡದೆ ಮಳೆಗಾಲದ ಲೆಕ್ಕ ಮುಗಿಯುವುದಿಲ್ಲ. ಬಿಸಿಯಾದ ಹೌಸಿಂಗ್ ತೋಡಿನ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಮೇಲಿನ ಬ್ರೀದರ್ (ಗಾಳಿ ಆಡುವ ತೂತು) ಕೆಸರಿನಿಂದ ಕಟ್ಟಿದ್ದರೆ ಆಯಿಲ್ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಆಮೇಲೆ ಡ್ರೈನ್ ಬೋಲ್ಟ್ ತೆಗೆದರೆ ಹಾಲು ಕಾಫಿಯಂಥ ಆಯಿಲ್ ಬರುತ್ತದೆ. ಹಾಗೆ ಬಂದರೆ ಪೂರ್ತಿ ಬಿಟ್ಟು ಹೊಸದು ಹಾಕಿ, ಬ್ರೀದರ್ ಬಿಡಿಸಿ. ಗೇರ್‌ಬಾಕ್ಸಿಗೂ ಹೌಸಿಂಗಿಗೂ ಒಂದೇ ಆಯಿಲ್ ಸಾಕು ಅಂತ ಅಂಗಡಿಯವರು ಹೇಳಿದರೂ ಗಾಡಿಯ ಪುಸ್ತಕ ನೋಡಿ. ಹೌಸಿಂಗಿನ ಒಳಗಿನ ಕ್ರೌನ್ ಪಿನಿಯನ್ ಗೇರಿಗೆ ಬೇಕಾದ ಕೆಲವು ರಾಸಾಯನಿಕಗಳು ಹಳೇ ಗೇರ್‌ಬಾಕ್ಸಿನ ಹಿತ್ತಾಳೆ ರಿಂಗುಗಳನ್ನು ತಿನ್ನುತ್ತವೆ.

ಇನ್ನು ಬ್ರೇಕ್. ಗೆಳೆಯರು ಬೇಕೇ ಬೇಕು ಅನ್ನಿಸುವುದು ಇಲ್ಲಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ನಮ್ಮಂಥ ಮಳೆ ನಾಡಿನಲ್ಲಿ ಕೇಳಬೇಕೇ? ಹೊಸ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ತೇವ ಹೀರಿದ್ದಕ್ಕೆ 140 ಸಾಕು ಅನ್ನುವಷ್ಟು ಇಳಿದಿರುತ್ತದೆ. ಲೋಡ್ ಹಾಕಿಕೊಂಡು ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ಕಾದು ಆಯಿಲ್ ಕುದಿದರೆ ಒಳಗೆ ಆವಿ ತುಂಬುತ್ತದೆ. ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸುವುದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ನಾಲ್ಕೂ ಡ್ರಮ್ ಬಿಚ್ಚಿ, ಲೈನರ್ ನೋಡಿ, ವೀಲ್ ಸಿಲಿಂಡರಿನ ರಬ್ಬರ್ ಟೋಪಿಯನ್ನು ಬೆರಳಿಂದ ಸ್ವಲ್ಪ ಎತ್ತಿ ನೋಡುತ್ತೇವೆ. ಒಳಗೆ ಒದ್ದೆ ಇದ್ದರೆ ಕಿಟ್ (ಒಳಗಿನ ರಬ್ಬರ್ ಸೀಲುಗಳು) ಹೋಗಿದೆ. ಸಿಲಿಂಡರಿನ ಒಳಮೈ ಗುಂಡಿ ಬಿದ್ದಿದ್ದರೆ ಹೊಸ ಕಿಟ್ಟೂ ನಿಲ್ಲುವುದಿಲ್ಲ, ಸಿಲಿಂಡರನ್ನೇ ಬದಲಾಯಿಸಿ. ಆಮೇಲೆ ಏರ್ ತೆಗೆಯುವುದು. ಪೆಡಲ್ ಒತ್ತುವ ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರದಿಂದ ಶುರು. ಒಬ್ಬ ಪೆಡಲ್ ಮೇಲೆ, ಒಬ್ಬ ಚಕ್ರದ ಹತ್ತಿರ ಪಾನಾ ಹಿಡಿದು, ಮೂರನೆಯವನು ಮಾಸ್ಟರ್ ಸಿಲಿಂಡರಿನ ಬಾಟಲಿಯಲ್ಲಿ ಆಯಿಲ್ ಇಳಿಯದ ಹಾಗೆ ತುಂಬಿಸುತ್ತ.

“ಒತ್ತು.”

“ಒತ್ತಿದೀನಿ.”

“ಹಿಡ್ಕೋ... ಬಿಡ್ಬೇಡ... ಮುಚ್ಚಿದೆ. ಈಗ ಬಿಡು.”

ಚಕ್ರದ ಹತ್ತಿರದ ಏರ್ ಬಿಡುವ ನಿಪ್ಪಲ್ ತೆರೆದಿರುವಾಗ ಕಾಲು ಎತ್ತಿದರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ, ಮತ್ತೆ ಮೊದಲಿಂದ. ಅದಕ್ಕೇ ಈ ಹೊತ್ತಿನಲ್ಲಿ ಬೇರೆ ಮಾತಿಲ್ಲ, ಫೋನ್ ಇಲ್ಲ. ಒಬ್ಬರ ಮಾತನ್ನು ಒಬ್ಬರು ನಂಬಬೇಕು. ನನ್ನ ಗಾಡಿಯ ಬ್ರೇಕನ್ನು ಅವರು ಅವರ ಗಾಡಿಯದೇ ಅನ್ನುವ ಹಾಗೆ ನೋಡುತ್ತಾರೆ. ನನಗೂ ಹಾಗೇ. ಆ ಗಾಡಿಗಳಲ್ಲಿ ಹೋಗುವವರು ನಮ್ಮ ಮನೆಯವರು, ನಮ್ಮ ಕೆಲಸದವರು.

ಖರ್ಚಿನ ಲೆಕ್ಕ ಸರಳ. ಸಾಮಾನು ಅವರವರದು, ಕೆಲಸ ಎಲ್ಲರದು. ಗ್ರೀಸ್ ಗನ್, ದೊಡ್ಡ ಜಾಕಿ, ಟಾರ್ಕ್ ಪಾನಾ ಮೂವರೂ ಸೇರಿ ತೆಗೆದುಕೊಂಡದ್ದು. ಯಾರ ಮನೆಯಲ್ಲಿ ಗಾಡಿ ನಿಂತಿದೆಯೋ ಅವರದೇ ಅಕ್ಕಿರೊಟ್ಟಿ, ಬೆಲ್ಲದ ಕಾಫಿ. ಸಾಮಾನಿಗೆ ಕುಶಾಲನಗರಕ್ಕೆ ಹೋಗುವಾಗ ಹಳೇ ತುಂಡನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಒಂದೇ ಹೆಸರಿನ ಗಾಡಿಗೆ ವರ್ಷಕ್ಕೊಂದು ತರದ ಸೀಲು, ಬೇರಿಂಗು ಇರುತ್ತದೆ. ಫೋಟೊ ತೋರಿಸಿದರೆ ಸಾಲದು, ಅಳತೆ ಹೊಂದಬೇಕು.

ಎಲ್ಲ ಮುಗಿದ ಮೇಲೆ ಮೊದಲು ಖಾಲಿ ಗಾಡಿ, ಆಮೇಲೆ ಅರ್ಧ ಲೋಡ್ ಹಾಕಿ ಕಣದ ಇಳಿಜಾರಿನಲ್ಲಿ ಬ್ರೇಕ್ ಹಿಡಿದು ನೋಡುತ್ತೇವೆ. ಒಂದು ಬದಿಗೆ ಎಳೆದರೆ ಡ್ರಮ್ ಮತ್ತೆ ಬಿಚ್ಚುವುದೇ. ಸ್ವಲ್ಪ ದೂರ ಓಡಿಸಿ ಬಂದು ಪ್ರತಿ ಚಕ್ರದ ಹಬ್ ಮುಟ್ಟಿ ನೋಡಿ. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಬೇರಿಂಗ್ ಬಿಗಿಯಾಗಿದೆ, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ. ಸ್ಪ್ರಿಂಗಿನ ಯೂ-ಬೋಲ್ಟ್, ಚಕ್ರದ ನಟ್‌ಗಳನ್ನು ಆ ದಿನ ಎಷ್ಟೇ ಬಿಗಿ ಮಾಡಿದ್ದರೂ ನೂರು ಕಿಲೋಮೀಟರ್ ಒಳಗೆ ಮತ್ತೊಮ್ಮೆ ಪಾನಾ ಹಾಕಿ ನೋಡಿ. ಹೊಸ ಬೋಲ್ಟ್ ಲೋಡ್ ಬಿದ್ದ ಮೇಲೆ ಸ್ವಲ್ಪ ಕೂರುತ್ತದೆ, ಮತ್ತೆ ಸ್ವಲ್ಪ ಬಿಗಿ ಮಾಡಬೇಕಾಗಬಹುದು.